ಸೋರಿಕೆ ಕೇಳುವ ಕಿವಿಗೆ ಮರಳಿದ ನಿದ್ದೆ

ಬೆಳಗಿನ ನಾಲ್ಕೂವರೆ. ಬೀದಿಯ ಅಂಗಡಿಗಳ ಶಟರ್‌ಗಳು ಇನ್ನೂ ಮೇಲೆದ್ದಿಲ್ಲ. ರಸ್ತೆಯಂಚಿನ ಕಬ್ಬಿಣದ ಮುಚ್ಚಳ ಸರಿಸಿ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಾಗಿ ನಿಂತಿದ್ದಾರೆ. ಕೈಯಲ್ಲಿ ಎದೆಯೆತ್ತರದ ಉಕ್ಕಿನ ಕೋಲು. ಅದರ ಕೆಳತುದಿ ನೆಲದೊಳಗಿನ ನೀರಿನ ಕೊಳವೆಯ ವಾಲ್ವಿನ ಮೇಲಿದೆ. ಮೇಲ್ತುದಿಯ ಮರದ ಬಟ್ಟಲು ಅವರ ಬಲಗಿವಿಗೆ ಒತ್ತಿಕೊಂಡಿದೆ. ಕಣ್ಣು ಮುಚ್ಚಿದ್ದಾರೆ, ಆದರೆ ನಿದ್ದೆ ಮಾಡುತ್ತಿಲ್ಲ. ಈ ಎರಡರ ವ್ಯತ್ಯಾಸ ಅವರ ಜೊತೆ ಕೆಲಸ ಮಾಡುವವರಿಗೆ ಈಗ ಚೆನ್ನಾಗಿ ಗೊತ್ತು.

“ಮೇಸ್ತ್ರೀ, ಹೆಜ್ಜೆ ಸದ್ದು ಬರ್ತಿದೆ. ಅಲ್ಲೇ ನಿಲ್ಲಿ.”

“ಹೆಜ್ಜೆ ಅಲ್ಲ ತಾಯೀ, ನನ್ನ ಮಂಡಿ.”

“ಹಾಗಾದ್ರೆ ಮಂಡೀನೇ ನಿಲ್ಲಿಸಿ.”

ಅಗೆಯುವ ತಂಡದ ಮೇಸ್ತ್ರಿ ನಗುತ್ತಲೇ ಕಲ್ಲಾಗಿ ನಿಲ್ಲುತ್ತಾರೆ. ಹಾರೆ ಗುದ್ದಲಿ ಹಿಡಿದ ಇಬ್ಬರು ಕೆಲಸಗಾರರೂ ಹಾಗೆಯೇ. ಆಕೆ ಮುಂದಿನ ವಾಲ್ವಿಗೆ ಹೋಗಿ ಮತ್ತೆ ಕಿವಿಯಿಡುತ್ತಾರೆ, ಹಿಂದಕ್ಕೆ ಬರುತ್ತಾರೆ, ಎರಡರ ನಡುವೆ ಡಾಂಬರಿನ ಮೇಲೇ ಕೋಲು ಊರಿ ನಾಲ್ಕು ಕಡೆ ಕೇಳುತ್ತಾರೆ. ಕೊನೆಗೆ ಚಪ್ಪಲಿಯ ತುದಿಯಿಂದ ಒಂದು ಜಾಗ ತೋರಿಸುತ್ತಾರೆ. “ಇಲ್ಲಿ. ಸಣ್ಣದು. ಆದ್ರೆ ಹಳೇದು.”

ಮುಕ್ಕಾಲು ಗಂಟೆಯ ಅಗೆತದ ನಂತರ ಕೆಸರು, ಅದರಡಿಯಲ್ಲಿ ಬೀಸಣಿಗೆಯಂತೆ ಚಿಮ್ಮುವ ನೀರು. ಮೇಸ್ತ್ರಿ ಗುಂಡಿಯೊಳಗಿಂದ ಹೆಬ್ಬೆರಳೆತ್ತುತ್ತಾರೆ. ಆಕೆ ಅಷ್ಟರಲ್ಲಿ ಕೋಲನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ.

ನೀರು ಸರಬರಾಜು ಇಲಾಖೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಕಿವಿಯಕ್ಕ ಎಂದೇ. ಮೀಟರ್ ಓದುವ ಕೆಲಸಕ್ಕೆ ಸೇರಿದವರು. ಹಿಂದಿನ ಸೋರಿಕೆ ಕೇಳುಗನಿಗೆ ಕಿವಿ ಮಂದವಾದಾಗ ಇಲಾಖೆ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಕೋಲು ಕೊಟ್ಟು ಪರೀಕ್ಷೆ ಮಾಡಿತು. ಇವರು ಆಯ್ಕೆಯಾದರು. ಅದು ಹದಿನಾರು ವರ್ಷದ ಹಿಂದಿನ ಮಾತು. ಊರು ಮಲಗಿದಾಗ ಕೊಳವೆಗಳಲ್ಲಿ ಒತ್ತಡ ಹೆಚ್ಚು, ಬೀದಿಯಲ್ಲಿ ಸದ್ದು ಕಡಿಮೆ. ಸೋರಿಕೆ ಕೇಳಿಸುವುದು ಆಗಲೇ.

“ಮೋಟಾರ್ ಸದ್ದು ನಿಲ್ಲುತ್ತೆ. ಯಾರೋ ನಲ್ಲಿ ಬಿಟ್ಟಿದ್ರೆ ಅದೂ ನಿಲ್ಲುತ್ತೆ. ಸೋರಿಕೆ ನಿಲ್ಲಲ್ಲ. ಸುಮ್ನೆ ಸುಯ್ ಅಂತಾನೇ ಇರುತ್ತೆ,” ಎನ್ನುತ್ತಾರೆ ಕಿವಿಯಕ್ಕ. “ತಾಳ್ಮೆ ಇರಬೇಕು ಅಷ್ಟೇ. ತಾಳ್ಮೆ ಇತ್ತು ನಂಗೆ. ನಿದ್ದೆ ಇರಲಿಲ್ಲ.”

ನಿದ್ದೆ ಇರಲಿಲ್ಲ ಎನ್ನುವುದು ಅವರಿಗೆ ತಡವಾಗಿ ತಿಳಿದ ಸಂಗತಿ. ಸಂಜೆ ಏಳಕ್ಕೇ ಮಲಗಿ ನಡುರಾತ್ರಿ ಏಳುವ ಅವರು ಬೇಕಾದಷ್ಟು ಹೊತ್ತು ಹಾಸಿಗೆಯಲ್ಲೇ ಇರುತ್ತಿದ್ದರು. ಆದರೂ ಏಳುವಾಗ ತಲೆ ಸೀಸದಂತೆ ಭಾರ, ಬಾಯಿ ಒಣಗಿ ಕಟ್ಟಿಗೆ. ಬಸ್ಸಿನಲ್ಲಿ ಕೂತರೆ ತೂಕಡಿಕೆ, ಬಟ್ಟೆ ಮಡಿಸುತ್ತ ತೂಕಡಿಕೆ. ಕೊನೆಗೆ ಕೋಲಿಗೆ ಕಿವಿಯೊಡ್ಡಿದಾಗಲೂ ತೂಕಡಿಕೆ ಹತ್ತಿತು. ಬೆಚ್ಚಿ ಎದ್ದು, ಸದ್ದು ಕೇಳಿದ್ದು ಯಾವ ವಾಲ್ವಿನಲ್ಲಿ ಎಂಬುದೇ ಮರೆತು, ಅಂದಾಜಿನ ಮೇಲೆ ಜಾಗ ತೋರಿಸುವಂತಾಯಿತು.

ತಪ್ಪು ಜಾಗದಲ್ಲಿ ಅಗೆದು ನೀರು ಸಿಗದ ಗುಂಡಿಗೆ ಇವರ ಭಾಷೆಯಲ್ಲಿ ಒಣಗುಂಡಿ ಎಂದು ಹೆಸರು. ಒಂದು ಬೇಸಗೆಯಲ್ಲಿ ಮೂರು ಒಣಗುಂಡಿಗಳಾದವು. ಮೂರನೆಯದು ಔಷಧಿ ಅಂಗಡಿಯ ಮೆಟ್ಟಿಲಿಗೇ ಅಡ್ಡ. ಅಂಗಡಿಯವನು ಬಾಯಿಗೆ ಬಂದಂತೆ ಬೈದದ್ದು ಮೇಸ್ತ್ರಿಯನ್ನು. ಮೇಸ್ತ್ರಿ ಕಿವಿಯಕ್ಕನ ಹೆಸರೆತ್ತದೆ ಮಣ್ಣು ಮುಚ್ಚಿದರು. ಇಲಾಖೆಯ ಎಂಜಿನಿಯರ್ ಮಾತ್ರ ನೇರವಾಗಿ ಹೇಳಿದರು: ಇನ್ನೊಂದು ಒಣಗುಂಡಿಯಾದರೆ ಕೋಲು ಒಪ್ಪಿಸಿ ಬಿಲ್ ಕೌಂಟರಿನಲ್ಲಿ ಕೂರಬೇಕು.

“ಬಿಲ್ ಕೌಂಟರ್ ಕೆಟ್ಟದ್ದಲ್ಲ. ಫ್ಯಾನ್ ಇದೆ, ಕುರ್ಚಿ ಇದೆ,” ಎನ್ನುತ್ತಾರೆ ಕಿವಿಯಕ್ಕ. “ಆದ್ರೆ ನಂಗೆ ಬರೋದು ಇದೊಂದೇ ಕೆಲಸ.”

ಮನೆಯಲ್ಲಿ ಗೊರಕೆಯ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಹೊರಗೆ ಆಡುತ್ತಿರಲಿಲ್ಲ. ಹೆಂಗಸು ಗೊರಕೆ ಹೊಡೆಯುತ್ತಾಳೆ ಎನ್ನುವುದು ಹೇಳಿಕೊಳ್ಳುವ ಮಾತೇ ಎಂಬ ಸಂಕೋಚ. ಹೊಲಿಗೆ ಕೆಲಸ ಮಾಡುವ ಗಂಡ ರಾತ್ರಿ ಹೊತ್ತಾಗುವವರೆಗೂ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿರುತ್ತಾರೆ. ಭಯ ಪಟ್ಟವರು ಅವರೇ ಮೊದಲು. “ಗೊರಕೆಗೆ ಯಾರು ಹೆದರ್ತಾರೆ? ಅದು ನಿಂತಾಗ ಹೆದರಿಕೆ,” ಎನ್ನುತ್ತಾರೆ ಅವರು. “ಮಿಷನ್ ನಿಲ್ಲಿಸಿ ಕಾಯೋದು. ಉಸಿರೇ ಇಲ್ಲ. ಹೋಗಿ ಭುಜ ಅಲ್ಲಾಡಿಸಿದ್ರೆ ಮುಳುಗಿದೋರು ಮೇಲೆ ಬಂದ ಹಾಗೆ ಎಳ್ಕೊಳ್ಳೋರು. ಎಷ್ಟು ಅಂಗಿಗೆ ಕಾಲರ್ ಸೊಟ್ಟ ಹೊಲಿದಿದ್ದೀನೋ ಆ ದಿನಗಳಲ್ಲಿ.”

ಮೊದಲ ವೈದ್ಯರು ರಕ್ತ ಕಡಿಮೆ ಎಂದು ಮಾತ್ರೆ ಬರೆದರು. ಎರಡನೆಯವರು, ಈ ವಯಸ್ಸಿನಲ್ಲಿ ಹೆಂಗಸರಿಗೆ ಸುಸ್ತು ಸಹಜ, ಚಿಂತೆ ಕಡಿಮೆ ಮಾಡಿ ಎಂದರು. ಮೂರನೆಯವರ ಬಳಿಗೆ ಗಂಡನೂ ಹೋದರು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ಗೊರಕೆ ಕೇಳಿಸಿದರು. ಗೊರಕೆ ಸಾಗಿ ಸಾಗಿ ಥಟ್ಟನೆ ನಿಂತಾಗ ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಒಂದು ರಾತ್ರಿ ಮೈತುಂಬ ವೈರು ಅಂಟಿಸಿ ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಮತ್ತೆ ಮತ್ತೆ ಉಸಿರು ಕಟ್ಟುತ್ತದೆ. ಮಲಗಿದವರಿಗೆ ಅದರ ನೆನಪೇ ಇರುವುದಿಲ್ಲ. ಮುಖಕ್ಕೆ ಮಾಸ್ಕ್ ಹಾಕಿ, ಸಣ್ಣ ಯಂತ್ರದಿಂದ ಒತ್ತಡದ ಗಾಳಿ ಕೊಟ್ಟು ಆ ದಾರಿ ತೆರೆದಿಡುವುದು ಚಿಕಿತ್ಸೆ.

ಚಿಕಿತ್ಸೆ ಗೊತ್ತಾಗುವುದು ಒಂದು, ಕೈಗೆ ಸಿಗುವುದು ಇನ್ನೊಂದು. ನೌಕರರ ವಿಮೆ ನೋಡಿಕೊಳ್ಳುವ ಕಂಪನಿ, ಗೊರಕೆ ನಿಲ್ಲಿಸುವ ಯಂತ್ರ ಸೌಕರ್ಯದ ವಸ್ತು, ಚಿಕಿತ್ಸೆಯಲ್ಲ ಎಂದಿತು. ವೈದ್ಯರು ಬರೆದುಕೊಟ್ಟ ಮೇಲೆ, ಪರೀಕ್ಷೆ ನಾವು ಹೇಳಿದ ಆಸ್ಪತ್ರೆಯಲ್ಲೇ ಆಗಬೇಕಿತ್ತು ಎಂದಿತು. ಇನ್ನೊಂದು ರಾತ್ರಿ, ಮತ್ತೆ ಮೈತುಂಬ ವೈರು. ಫೋನಿನಲ್ಲಿ ಕಾಯಿಸುವಾಗ ಬರುವ ಸಂಗೀತ ಕಿವಿಯಕ್ಕನಿಗೆ ಈಗಲೂ ಬಾಯಿಪಾಠ, ಗುನುಗಿಯೂ ತೋರಿಸುತ್ತಾರೆ. ಕೊನೆಗೆ ಯಂತ್ರ ಬಾಡಿಗೆಗೆ ಮಂಜೂರಾಯಿತು, ಒಂದು ಷರತ್ತಿನೊಂದಿಗೆ: ಮೂರು ತಿಂಗಳು ಪ್ರತಿ ರಾತ್ರಿ ಕನಿಷ್ಠ ನಾಲ್ಕು ಗಂಟೆ ಬಳಸಿದ್ದು ಯಂತ್ರದಲ್ಲಿ ದಾಖಲಾಗಬೇಕು. ತಪ್ಪಿದರೆ ಯಂತ್ರ ವಾಪಸ್.

ಯಂತ್ರ ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. “ಬೀದಿಯ ಪೈಪು ಸಾಲದು ಅಂತ ಮೂಗಿಗೂ ಒಂದು ಪೈಪು ತಂದಳಲ್ಲಪ್ಪ,” ಎಂದು ಮಗನಿಗೆ ಹೇಳಿದರು, ಸೊಸೆಗೆ ಕೇಳುವಷ್ಟು ಜೋರಾಗಿ.

ಮುಂದಿನದು ಬೇರೆ ಯಾವ ರೋಗಿಯೂ ಮಾಡದ ತಪ್ಪು. ಮಾಸ್ಕ್ ಹಾಕಿ ಮಲಗಿದರೆ ಮೂಗಿನ ಮೇಲೆ ಸುಯ್ ಎಂಬ ಸದ್ದು. ಹದಿನಾರು ವರ್ಷ ಆ ಸದ್ದನ್ನೇ ಹುಡುಕಿ ಬಾಳಿದ ಕಿವಿ ಅದನ್ನು ಬಿಟ್ಟು ನಿದ್ದೆ ಹೋಗಲು ಒಪ್ಪಲಿಲ್ಲ. ಎರಡನೆಯ ರಾತ್ರಿಯೇ ಎದ್ದು ದೀಪ ಹಾಕಿ, ಒದ್ದೆ ಬೆರಳು ಹಿಡಿದು ಗಾಳಿ ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷಿಸಿದರು. ಮಾಸ್ಕಿನ ಮುಂಭಾಗದಲ್ಲಿ ಸೂಜಿಮೊನೆಯಂಥ ತೂತುಗಳ ಬಳೆ. ಕೊಳವೆ ಜೋಡಣೆಗೆ ಹಚ್ಚುವ ಅಂಟು ಚೀಲದಲ್ಲೇ ಇತ್ತು. ಬೆಂಕಿಕಡ್ಡಿಯ ತುದಿಯಿಂದ ಒಂದೊಂದನ್ನೇ ಮುಚ್ಚಿದರು. ಅಚ್ಚುಕಟ್ಟಾದ ಕೆಲಸ. ಸದ್ದು ನಿಂತಿತು.

ತಲೆನೋವು ಶುರುವಾಯಿತು. ಮೊದಲಿಗಿಂತ ಹೆಚ್ಚು. ಮಾಸ್ಕ್ ಹಾಕಿದರೆ ಗೋಣಿಯೊಳಗೆ ಮುಖ ಇಟ್ಟಂತೆ ಧಗೆ. ನಿದ್ದೆಯಲ್ಲೇ ಕಿತ್ತು ಎಸೆಯುತ್ತಿದ್ದರು. ಒಂದು ವಾರ ತಡೆದು, ಯಂತ್ರವನ್ನು ಪೆಟ್ಟಿಗೆಗೆ ತುಂಬಿ ಆಸ್ಪತ್ರೆಯ ನಿದ್ರೆ ವಿಭಾಗಕ್ಕೆ ಹೊತ್ತೊಯ್ದು ಮೇಜಿನ ಮೇಲಿಟ್ಟರು.

“ತಗೊಳ್ಳಿ ಸಿಸ್ಟರ್. ಇದು ನಂಗೆ ಆಗಿಬರಲ್ಲ. ನಿದ್ದೇಲೇ ಕಿತ್ತು ಎಸೀತೀನಿ.”

ಅಲ್ಲಿನ ದಾದಿ ಮಾಸ್ಕ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ಹಿಡಿದರು. “ಅಕ್ಕಾ, ಇದರ ತೂತೆಲ್ಲ ಎಲ್ಲಿ ಹೋದ್ವು?”

“ಸೋರ್ತಿತ್ತು. ಮುಚ್ಚಿದೆ.”

“ಅಯ್ಯೋ ಅಕ್ಕಾ! ಅದು ಸೋರಬೇಕು! ನೀವು ಬಿಟ್ಟ ಉಸಿರು ಹೊರಗೆ ಹೋಗೋ ದಾರಿ ಅದು. ಬಿಟ್ಟಿದ್ದನ್ನೇ ತಿರುಗಿ ಕುಡಿದಿದ್ದೀರಿ ವಾರವೆಲ್ಲಾ. ಪುಣ್ಯ, ನಿದ್ದೇಲೇ ಕಿತ್ತು ಎಸೆದಿದ್ದೀರಿ.”

ಈಗ ನಗುತ್ತ ಹೇಳಿಕೊಳ್ಳುವ ಈ ಪ್ರಸಂಗದಲ್ಲಿ ಅವತ್ತು ಕಿವಿಯಕ್ಕ ಅತ್ತರಂತೆ. ದಾದಿ ಬೈಯಲಿಲ್ಲ. ಹೊಸ ಮಾಸ್ಕ್ ಕೊಟ್ಟು, ಎದುರಿಗೆ ಕೂರಿಸಿಕೊಂಡು, ಹಾಕಿಸಿ, ಆ ಸುಯ್ ಸದ್ದನ್ನು ಹತ್ತು ನಿಮಿಷ ಕೇಳಿಸಿದರು. “ಇದು ನಿಂತರೆ ಮಾತ್ರ ಏಳಿ. ಇದು ಕೇಳ್ತಿರೋವರೆಗೂ ನಿಮ್ಮ ಪೈಪು ಸರಿ ಇದೆ ಅಂತ ಮಲಗಿ,” ಎಂದರು. ಅದಕ್ಕಿಂತ ಒಳ್ಳೆಯ ಔಷಧ ತನಗೆ ಯಾರೂ ಕೊಟ್ಟಿಲ್ಲ ಎನ್ನುತ್ತಾರೆ ಕಿವಿಯಕ್ಕ. ಮಾಸ್ಕಿನ ಪಟ್ಟಿ ಕೆನ್ನೆ ಕೊರೆಯುತ್ತದೆಂದು ಗಂಡ ಅದಕ್ಕೆ ಹತ್ತಿಬಟ್ಟೆಯ ಗವಸು ಹೊಲಿದರು. ನಾಲ್ಕನೆಯ ದಿನ ಅವರು ಎದ್ದಾಗ ತಲೆ ಹಗುರವಾಗಿತ್ತು. “ಯಾರೋ ತಲೆ ಬದಲಾಯಿಸಿ ಹೋದ ಹಾಗೆ,” ಎಂಬುದು ಅವರ ವರ್ಣನೆ.

ಆದರೆ ವಿಮೆಯವರ ಲೆಕ್ಕ ಬೇರೆ. ಮೊದಲ ತಿಂಗಳ ದಾಖಲೆ ನೋಡಿ ಬಳಕೆ ಸಾಲದು ಎಂದರು. ವಿಚಾರಿಸಿದರೆ, ಅವರ ರಾತ್ರಿ ಶುರುವಾಗುವುದು ಹತ್ತು ಗಂಟೆಗೆ. ಕಿವಿಯಕ್ಕ ಏಳಕ್ಕೆ ಮಲಗಿ ಹನ್ನೆರಡೂವರೆಗೆ ಏಳುವವರು. ಹತ್ತರ ಹಿಂದಿನ ನಿದ್ದೆ ವಿಮೆಯವರ ಪಾಲಿಗೆ ನಿದ್ದೆಯೇ ಅಲ್ಲ. “ಫೋನಿನಲ್ಲಿ ಆ ಹುಡುಗಿಗೆ ಎಷ್ಟು ಹೇಳಿದ್ರೂ, ಮೇಡಂ, ಸಿಸ್ಟಮ್ ತಗೊಳ್ಳಲ್ಲ ಅಂತಾಳೆ. ಪಾಪ, ಅವಳ ದನೀಲೂ ನಿದ್ದೆ ಇರಲಿಲ್ಲ.”

ಈ ಗಂಟು ಬಿಡಿಸಿದ್ದು ವೈದ್ಯರೂ ಅಲ್ಲ, ವಿಮೆಯವರೂ ಅಲ್ಲ. ಮೇಸ್ತ್ರಿ. ವಿಷಯ ಕೇಳಿದ ಅವರು ತನ್ನ ಇಬ್ಬರು ಕೆಲಸಗಾರರನ್ನು ನೋಡಿ, “ಒಂದು ಗಂಟೆಗೆ ಶುರು ಮಾಡೋದು ಮೂರಕ್ಕೆ ಮಾಡೋಣ್ವಾ?” ಎಂದರು. ಎಂಜಿನಿಯರ್ ಒಪ್ಪಿದರು, ಬಾಯಿಮಾತಿನಲ್ಲಿ. ಕಿವಿಯಕ್ಕ ಎರಡೂವರೆವರೆಗೆ ಮಲಗುವಂತಾಗಿ, ಹತ್ತರ ನಂತರದ ಲೆಕ್ಕವೇ ನಾಲ್ಕು ಗಂಟೆ ದಾಟಿತು, ಯಂತ್ರ ಉಳಿಯಿತು. ಆಗಿನಿಂದ ಅಗೆತ ಮುಗಿಯುವಷ್ಟರಲ್ಲಿ ಬೆಳಕಾಗಿರುತ್ತದೆ, ಲಾರಿಗಳು ಹಾರ್ನ್ ಹೊಡೆಯುತ್ತಿರುತ್ತವೆ, ಬಿಸಿಲೂ ಏರುತ್ತದೆ. ಮೂರು ತಿಂಗಳಿಗೆಂದು ಮಾಡಿಕೊಂಡ ಬದಲಾವಣೆ. ಎರಡು ವರ್ಷವಾದರೂ ಹಾಗೆಯೇ ಇದೆ.

“ನಾವೇನು ದೊಡ್ಡ ಉಪಕಾರ ಮಾಡಲಿಲ್ಲ,” ಎನ್ನುತ್ತಾರೆ ಮೇಸ್ತ್ರಿ. “ಒಣಗುಂಡಿ ಅಗೆಯೋದಕ್ಕಿಂತ ಬಿಸಿಲಲ್ಲಿ ಅಗೆಯೋದು ವಾಸಿ.” ಅವರ ಹೆಂಡತಿ ಈಚೆಗೆ ಆ ದಾದಿಯ ನಂಬರ್ ಕೇಳಿ ಪಡೆದಿದ್ದಾರೆ. ತನಗೆ ಏನೂ ಆಗಿಲ್ಲ, ಸುಮ್ಮನೆ ಸ್ವಲ್ಪ ಜೋರಾಗಿ ಉಸಿರಾಡುತ್ತೇನೆ ಎಂಬುದು ಮೇಸ್ತ್ರಿಯ ವಾದ.

ಎರಡು ವರ್ಷದಲ್ಲಿ ಒಂದೇ ಒಣಗುಂಡಿ ಆಗಿದೆ. ಅದೂ ನಕ್ಷೆಯಲ್ಲಿ ಇಲ್ಲದ ಹಳೆಯ ಕೊಳವೆಯಿಂದ ಎಂದು ಇಲಾಖೆಯೇ ಬರೆದುಕೊಂಡಿದೆ. “ನಾನು ಡಾಕ್ಟರಲ್ಲ, ಗುಂಡಿ ಎಣಿಸೋನು,” ಎನ್ನುತ್ತಾರೆ ಎಂಜಿನಿಯರ್. “ಎಣಿಕೆ ಸರಿಯಾಗಿದೆ.”

ವಿಮೆಯವರ ಕಾಟ ಮುಗಿದಿಲ್ಲ. ಕಳೆದ ತಿಂಗಳು ಹೊಸ ಕಾಗದ ಬಂತು: ದಾಖಲೆಗಳ ಪ್ರಕಾರ ಉಸಿರು ಕಟ್ಟುವುದು ನಿಂತಿರುವುದರಿಂದ ಯಂತ್ರ ಇನ್ನೂ ಏಕೆ ಬೇಕೆಂದು ತಿಳಿಸಿ. “ಕನ್ನಡಕ ಹಾಕ್ಕೊಂಡು ಓದ್ತಿದ್ದೀಯಲ್ಲ, ಕಣ್ಣು ಸರಿಯಾಯ್ತು, ಕನ್ನಡಕ ಕೊಡು ಅಂದ ಹಾಗೆ,” ಎಂದು ಕಿವಿಯಕ್ಕ ನಗುತ್ತಾರೆ. ಸಿಟ್ಟು ಬಂದಿಲ್ಲವೇ? ಬಂದಿದೆ. ಆದರೆ ವೈದ್ಯರ ಬಳಿ ಹೋಗಿ ಉತ್ತರ ಬರೆಸಿ ಕಳಿಸಿದ್ದಾರೆ. ಬೇಡ ಎಂದರೆ ಮತ್ತೆ ಬರೆಸುತ್ತಾರಂತೆ. ಫೋನಿನ ಆ ಹಳೆಯ ಸಂಗೀತ ಹೇಗೂ ಬಾಯಿಗೆ ಬರುತ್ತದಲ್ಲ.

ಏಳು ಗಂಟೆಗೆ ಗುಂಡಿ ಮುಚ್ಚುತ್ತದೆ. ಬೀದಿಯವರು ಬಾಗಿಲು ತೆರೆದು, ನಲ್ಲಿ ತಿರುಗಿಸಿ, ನೀರು ಬಂದದ್ದನ್ನು ವಿಶೇಷವೆಂದು ಯೋಚಿಸದೆ ಮುಖ ತೊಳೆಯುತ್ತಾರೆ. ಕಿವಿಯಕ್ಕ ಕೋಲನ್ನು ವ್ಯಾನಿನಲ್ಲಿ ಮಲಗಿಸಿ, ಮೇಸ್ತ್ರಿಯ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ನಿವೃತ್ತಿಗೆ ಇನ್ನೂ ವರ್ಷಗಳಿವೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಚಹಾ ಮುಗಿಸಿ ಲೋಟ ಕೆಳಗಿಡುತ್ತಾರೆ.

“ಒಂದಿನ ಕಿವಿ ಮಂದ ಆಗುತ್ತೆ. ನನ್ನ ಹಿಂದಿನೋರಿಗೂ ಆಯ್ತು. ಆಗ ನಾನೇ ಹೋಗಿ ಕೋಲು ಕೊಟ್ಟು ಬರ್ತೀನಿ, ಬೇಜಾರಿಲ್ಲ. ವಯಸ್ಸಾಗಿ ಕೊಟ್ಟೆ ಅನ್ನಿಸಬೇಕು. ನಿದ್ದೆಗಣ್ಣಲ್ಲಿ ಕೈಯಿಂದ ಜಾರಿಹೋಯ್ತು ಅಂತ ಆಗಬಾರದು, ಅಷ್ಟೇ.”