ಮೂವತ್ತಾರು ಹಲ್ಲಿನ ಮಿಷನ್ನು

ಸಂಜೆ ದೇವರ ದೀಪ ಹಚ್ಚಿದ ಮೇಲೆ ನನಗೆ ಇನ್ನೊಂದು ಕೆಲಸ ಕಾದಿರುತ್ತಿತ್ತು. ಬೀದಿ ಬಾಗಿಲನ್ನು ಮುಂದಕ್ಕೆಳೆದು, ನಡುಮನೆಯಲ್ಲಿ ಹಳೇ ಗೋಣಿಚೀಲ ಹಾಸಿ, ಮರ ಕೊಯ್ಯುವ ಮಿಷನ್ನನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಅದರ ಚೈನಿನ ಹಲ್ಲುಗಳಿಗೆ ಅರ ಉಜ್ಜುವುದು. ಕಡ್ಡಿಯಷ್ಟು ಸಣ್ಣ ದುಂಡು ಅರ ಅದು.

ಮೂವತ್ತಾರು ಹಲ್ಲು. ಒಂದು ಬಲಕ್ಕೆ ಮುಖ ಮಾಡಿದ್ದರೆ ಮುಂದಿನದು ಎಡಕ್ಕೆ. ಮೊದಲು ಬಲದ ಹದಿನೆಂಟು ಮುಗಿಸಿ, ಮಿಷನ್ನು ತಿರುಗಿಸಿ ಎಡದ ಹದಿನೆಂಟು. ಹಲ್ಲಿಗೆ ಮೂರು ಸಲ. ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯಬಾರದು. ಲೆಕ್ಕ ಹಾಕಿ ನೋಡಿ, ಒಟ್ಟು ನೂರೆಂಟು ಬರುತ್ತದೆ. ಅದು ನನಗೆ ಹೊಳೆದ ದಿನದಿಂದ ಪ್ರತಿ ಸಲ ತಳ್ಳುವಾಗಲೂ ಒಮ್ಮೆ ಮಾದಪ್ಪನ ಹೆಸರು ಹೇಳತೊಡಗಿದೆ. ಮಣಿ ಹಿಡಿದು ಜಪಕ್ಕೆ ಕೂರುವಷ್ಟು ಬಿಡುವು ನನಗೆಲ್ಲಿತ್ತು? ಭಗವಂತ ಕಬ್ಬಿಣದಲ್ಲೇ ಮಣಿ ಮಾಡಿ ಕೊಟ್ಟಿದ್ದಾನೆ ಅಂದುಕೊಂಡೆ. ಅದನ್ನು ಒಂದು ಭಾಗ್ಯ ಅಂತಲೇ ಎಣಿಸಿದ್ದೆ.

ಆ ಕೆಲಸ ನನ್ನ ಕೈಗೆ ಬಂದದ್ದು ಯಾಕೆ ಅಂತ ಆಗ ಯೋಚಿಸಲಿಲ್ಲ. ಮೊದಲು ನಮ್ಮ ಮನೆಯವರೇ ಉಜ್ಜಿಕೊಳ್ಳುತ್ತಿದ್ದರು. ಒಂದು ಸಂಜೆ ಅರ ಅವರ ಬೆರಳಿನಿಂದ ಮೂರು ಸಲ ಜಾರಿ ಬಿತ್ತು. ಕತ್ತಲಲ್ಲಿ ಕಾಣುವುದಿಲ್ಲ, ನೀನೇ ಒಂದು ಕೈ ಹಾಕು ಅಂದರು. ದೀಪ ಉರಿಯುತ್ತಿತ್ತು, ಬಲ್ಬೂ ಉರಿಯುತ್ತಿತ್ತು. ನಾನು ಹಾಕಿದೆ. ಅದು ಆರು ವರ್ಷ ನಡೆಯಿತು. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಬಾಗಿಲು ಮುಂದಕ್ಕೆಳೆಯುವುದು ಅದಕ್ಕೇ.

ನಮ್ಮದು ಸೋಮನಹಳ್ಳಿ ಕಡೆಯ ಊರು. ತುಂಡು ಜಮೀನಿದೆ, ಆದರೆ ಅನ್ನ ಹಾಕಿದ್ದು ಮಿಷನ್ನು. ಮದ್ದೂರಿನಿಂದ ಮಳವಳ್ಳಿವರೆಗೆ ಯಾರ ತೋಟದಲ್ಲಿ ತೆಂಗು ಒಣಗಲಿ, ಯಾರ ಬದುವಿನ ಬೇವು ಮನೆ ಕಟ್ಟಲು ಅಡ್ಡ ಬರಲಿ, ಗಾಳಿಮಳೆಗೆ ಕರೆಂಟು ಕಂಬದ ಮೇಲೆ ಹೊಂಗೆ ಕೊಂಬೆ ಮುರಿದು ಬೀಳಲಿ, ಇವರಿಗೆ ಫೋನು ಬರುತ್ತಿತ್ತು. ಇವರಿಗೆ ಅನ್ನುವುದಕ್ಕಿಂತ ಮಿಷನ್ನಿಗೆ ಅನ್ನಬೇಕು. ‘ದೊಡ್ಡ ಮಿಷನ್ ತತ್ತೀಯೇನ್ಲಾ?’ ಅನ್ನುವುದೇ ಮೊದಲ ಮಾತು.

ಗಂಡಸರಿಗೆ ಆ ದೊಡ್ಡ ಮಿಷನ್ನಿನ ಮೇಲೆ ಏನು ವ್ಯಾಮೋಹವೋ. ನಮ್ಮ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಮರ ಕೊಯ್ಯುವ ವಿಡಿಯೋ ನೋಡುತ್ತಾ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ನಾನು ಒಳಗೆ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿದ್ದೇನೆ. ಇಬ್ಬನಿ ಬಿದ್ದ ಬೆಳಗಿನಲ್ಲೂ ಎರಡೇ ಎಳೆತಕ್ಕೆ ಶುರುವಾಗುತ್ತದಂತೆ. ಫೋನಿನಲ್ಲಿ ತರಿಸುವ ಅಗ್ಗದ ಮಿಷನ್ನಿನ ಹಗ್ಗ ಎಳೆದೂ ಎಳೆದೂ ಹೆಗಲು ಕಳಚುತ್ತದಂತೆ, ಚೈನು ಕಳಚಿ ಬೀಳುತ್ತದಂತೆ, ಒಂದು ತಿರುಪು ಹೋದರೆ ಅದರ ಜೋಡಿ ಎಲ್ಲೂ ಸಿಗುವುದಿಲ್ಲವಂತೆ. ದೊಡ್ಡದಕ್ಕೆ ಬೇಕಾದ ಸಾಮಾನೆಲ್ಲ ಮದ್ದೂರಿನಲ್ಲೇ ಸಿಗುತ್ತದೆ. ಚೈನು ಓಡುವ ಪಟ್ಟಿ ಉದ್ದ, ಹುಣಸೆಯ ಬೊಡ್ಡೆಯನ್ನೂ ಒಂದೇ ಕಡೆಯಿಂದ ದಾಟುತ್ತದೆ. ಇವೆಲ್ಲ ನಿಜವೇ. ಆದರೆ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ಸದ್ದಿನಲ್ಲಿ. ಮೂರು ಗದ್ದೆಯಾಚೆಗೆ ಕೇಳುವ ಹಾಗೆ ಗುಡುಗಿದರೆ ಮರ ಕೊಯ್ಯಿಸಿದವನಿಗೂ ಒಂದು ಗತ್ತು. ವಿಡಿಯೋದಲ್ಲಿ ಮರ ಕೊಯ್ಯುತ್ತಿದ್ದ ಹೊರದೇಶದವನ ಕೈಗೆ ದಪ್ಪ ಗ್ಲೌಸು ಇತ್ತು, ಕಿವಿಗೆ ಮುಚ್ಚಳವಿತ್ತು. ಅದನ್ನು ಯಾರೂ ನೋಡಲಿಲ್ಲ. ಕಾಫಿ ಕೊಡಲು ಹೋದ ನಾನು ನೋಡಿದೆ. ನನ್ನನ್ನು ಯಾರು ಕೇಳಬೇಕು?

ಆ ಮಿಷನ್ನು ಬೆಣ್ಣೆ ಕೊಯ್ದಂಗೆ ಕುಯ್ತದೆ ಅಂತ ಹೊಗಳುತ್ತಿದ್ದರು. ಬೆಣ್ಣೆಯ ಹಾಗೆ ಕೊಯ್ಯುತ್ತಿದ್ದುದು ನನ್ನ ಅರದಿಂದ. ಹಲ್ಲು ಚೂಪಾಗಿದ್ದರೆ ಮರ ಅವಲಕ್ಕಿಯಂಥ ಚಕ್ಕೆಯಾಗಿ ಹಾರುತ್ತದೆ, ಮೊಂಡಾಗಿದ್ದರೆ ರಾಗಿಹಿಟ್ಟಿನಂತೆ ಪುಡಿ ಉದುರುತ್ತದೆ. ಇವರ ಅಂಗಿ ಕೊಡವಿದರೆ ಯಾವಾಗಲೂ ಅವಲಕ್ಕಿಯೇ ಬೀಳುತ್ತಿತ್ತು. ಆ ಅಂಗಿ ಕೊಡವುವಾಗ ನನಗೆ ಒಳಗೊಳಗೇ ಸ್ವಲ್ಪ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಚಳಿಗಾಲದ ಬೆಳಿಗ್ಗೆ ಅವರ ಬೆರಳುಗಳು ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗಾಗುತ್ತಿದ್ದವು. ಅಂಗಿಯ ಗುಂಡಿಯನ್ನು ನಾನೇ ಹಾಕಬೇಕಾಯಿತು. ಲೋಟ ಕೈಯಿಂದ ಬಿದ್ದಾಗಲೆಲ್ಲ ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕುತ್ತಿದ್ದರು. ನಾನು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ದುಡಿಯುವ ಕೈ, ಸುಸ್ತಾಗಿದೆ ಅಂತ ಎಲ್ಲರೂ ಒಪ್ಪಿಕೊಂಡಿದ್ದೆವು.

ಸೋಮವಾರ ಸಂಜೆ ಮೂವರೂ ಗುಡಿಗೆ ಹೋಗುವುದು ವಾಡಿಕೆ. ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಬಂದಾಗ ನಾವೆಲ್ಲ ಉರಿಯ ಮೇಲೆ ಕೈ ಸವರಿದ ಹಾಗೆ ಮಾಡಿ ಕಣ್ಣಿಗೊತ್ತಿಕೊಂಡರೆ, ಇವರು ಉರಿಯೊಳಗೇ ಬೆರಳಿಟ್ಟು ನಿಂತಿರುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಪೂಜಾರಿ ತಟ್ಟೆ ಸರಿಸುವವರೆಗೂ ಕೈ ತೆಗೆಯುತ್ತಿರಲಿಲ್ಲ. ಜನ ನೋಡುತ್ತಿದ್ದರು. ಅತ್ತೆಗೆ ಹೆಮ್ಮೆಯೋ ಹೆಮ್ಮೆ.

‘ನೋಡಮ್ಮಿ, ನನ್ ಮಗನ್ ಬಕ್ತಿ ಎಂಗದೆ. ಬೆಂಕಿನೂ ಸುಡಕಿಲ್ಲ.’

ನಾನೂ ನಂಬಿದೆ. ನನ್ನ ಗಂಡನಿಗೆ ನನಗಿಂತ ಹೆಚ್ಚು ಭಕ್ತಿ ಅಂತ ನಾಚಿಕೊಂಡು ಇನ್ನೊಂದು ಸಲ ಅಡ್ಡಬಿದ್ದೆ. ಎಷ್ಟೋ ಸೋಮವಾರ ಹೀಗೇ ಕಳೆದವು. ಒಂದು ಮಂಗಳವಾರ ಬೆಳಿಗ್ಗೆ ಗುಂಡಿ ಹಾಕುವಾಗ ಅವರ ನಡುಬೆರಳಿನ ತುದಿಯಲ್ಲಿ ಬೊಬ್ಬೆ ಕಂಡಿತು. ನೀರು ತುಂಬಿಕೊಂಡಿತ್ತು. ಇದೇನು ಅಂದೆ. ಅವರೂ ತಿರುಗಿಸಿ ತಿರುಗಿಸಿ ನೋಡಿ, ಅದು ಯಾವಾಗ ಆಯ್ತೋ ಅಂದರು. ಅವರ ದನಿಯಲ್ಲಿ ನೋವಿರಲಿಲ್ಲ, ಆಶ್ಚರ್ಯ ಇತ್ತು. ಹಿಂದಿನ ಸಂಜೆಯ ಮಂಗಳಾರತಿ ನೆನಪಾಯಿತು. ನಾವು ಭಕ್ತಿ ಅಂತ ಕೈಮುಗಿದದ್ದು ಸತ್ತುಹೋಗುತ್ತಿದ್ದ ಬೆರಳಿಗೆ.

ಮಂಡ್ಯದ ಡಾಕ್ಟರು ಕಣ್ಣು ಮುಚ್ಚಿಸಿ ಒಂದೊಂದು ಬೆರಳಿಗೂ ಸೂಜಿಯಿಂದ ಚುಚ್ಚಿದರು. ಇವರು ಹೆಬ್ಬೆರಳಿಗೆ ಮಾತ್ರ ಹ್ಞೂಂ ಅಂದರು. ಮಿಷನ್ನಿನ ನಡುಕ ನರಕ್ಕೆ ಇಳಿದಿದೆ, ಬೀಡಿ ಅದಕ್ಕೆ ಜೊತೆಯಾಗಿದೆ, ಈಗಲೇ ಬಿಟ್ಟರೆ ಉಳಿದದ್ದು ಉಳಿಯಬಹುದು ಅಂದರು. ಬೇರೆ ಕೆಲಸ ಬರುವುದಿಲ್ಲ ಅಂತ ಇವರು ಅಂದದ್ದಕ್ಕೆ, ಹಾಗಿದ್ದರೆ ನಡುಕ ಕಡಿಮೆ ಇರುವ ಮಿಷನ್ನು ಹಿಡಿ, ಅರ್ಧ ದಿನ ಮಾತ್ರ ಹಿಡಿ ಅಂದರು.

ಬರುವ ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಮಿಷನ್ನು ರಿಪೇರಿಯವನ ಅಂಗಡಿಗೆ ಹೋದೆವು. ಅವನು ತಾನು ಹಿಡಿಯುವ ಮಿಷನ್ನನ್ನೇ ತೋರಿಸಿದ. ಚಿಕ್ಕದು, ಹಗುರ, ಹಿಡಿಕೆಗೂ ಇಂಜಿನ್ನಿಗೂ ನಡುವೆ ಸ್ಪ್ರಿಂಗು ಕೂತಿದೆ. ಅವನು ಹೇಳಿದ್ದು ನನಗೆ ಈಗಲೂ ನೆನಪಿದೆ: ‘ದೊಡ್ಡದು ವಾರಕ್ಕೊಂದ್ ಮರ ಕುಯ್ಯೋರ್ಗೆ ಚೆಂದ ಕಣಣ್ಣ. ದಿನಾ ಇಡಿಯೋ ಕೈಗೆ ಇದೇಯ.’ ಎರಡರಲ್ಲಿ ಯಾವುದೇ ಆಗಲಿ, ಹಲ್ಲು ಮೊಂಡಾದರೆ ನಡುಕ ಎರಡರಷ್ಟು ಅಂತಲೂ ಹೇಳಿದ. ಅದನ್ನೂ ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ.

ಚಿಕ್ಕ ಮಿಷನ್ನು ಮನೆಗೆ ಬಂತು. ಕುಂಕುಮ ಇಟ್ಟು ಕೈಗೆ ಕೊಟ್ಟೆ. ಹತ್ತು ದಿನ ಅದನ್ನೇ ಹಿಡಿದರು. ಅದರ ಸದ್ದು ಸಣ್ಣದು. ಮೊದಲ ದಿನವೇ ತೋಟದವನೊಬ್ಬ ನಾಲ್ಕು ಜನರ ಮುಂದೆ, ‘ಏನ್ಲಾ, ಎಂಡ್ತಿ ಮಿಕ್ಸಿ ಎತ್ಕಂಡ್ ಬಂದ್ಬುಟ್ಟಿದ್ದೀಯ? ಚಟ್ನಿ ರುಬ್ಬಕಾ, ಮರ ಕುಯ್ಯಕಾ?’ ಅಂದನಂತೆ. ಆಮೇಲೆ ಊರೆಲ್ಲ ಅದಕ್ಕೆ ಮಿಕ್ಸಿ ಅನ್ನುವ ಹೆಸರೇ ನಿಂತಿತು. ಚಹಾದಂಗಡಿಯಲ್ಲಿ ಇವರು ಕಾಲಿಟ್ಟರೆ ಕೊಬ್ಬರಿ ಎಷ್ಟು ಹಾಕಿದ್ದೀಯ ಅಂತ ಕೇಳುತ್ತಿದ್ದರಂತೆ. ಕೆಲಸ ಕೆಡುತ್ತಿರಲಿಲ್ಲ, ಎರಡು ಕಡೆಯಿಂದ ಕೊಯ್ಯಬೇಕಿತ್ತು ಅಷ್ಟೆ. ಆದರೂ ಮಳವಳ್ಳಿ ಹತ್ತಿರದ ಒಬ್ಬರು ಹಳೇ ಹುಣಸೆ ಮರಗಳನ್ನು ಉರುಳಿಸಬೇಕು, ದೊಡ್ಡ ಮಿಷನ್ನು ತಂದರೆ ಮಾತ್ರ ಬಾ ಅಂದರು. ಇವರು ಅಟ್ಟದಿಂದ ಅದನ್ನು ಇಳಿಸಿದರು. ನಾನು ಅತ್ತುಬಿಟ್ಟೆ. ಬೈದೆ. ದೇವರ ಮುಂದೆ ಕೈಹಿಡಿದು ನಿಲ್ಲಿಸಿ ಕೇಳಿದೆ. ‘ಇವೊಂದಷ್ಟ್ ಮರ ಆಗ್ಲಿ ಬುಡಮ್ಮಿ’ ಅಂದರು. ಸಂಜೆ ಎಂದಿನಂತೆ ಮಿಷನ್ನನ್ನು ನನ್ನ ಮುಂದೆ ಇಟ್ಟರು.

ಆ ಸಂಜೆ ನಾನು ಅರವನ್ನು ಅಡ್ಡ ಹಿಡಿದೆ. ಮೂವತ್ತಾರು ಹಲ್ಲಿನ ತುದಿಯನ್ನೂ ಒಂದೊಂದಾಗಿ ಉಜ್ಜಿ ಮೊಂಡು ಮಾಡಿದೆ. ಮಾದಪ್ಪನ ಹೆಸರು ಬಾಯಿಗೆ ಬರಲಿಲ್ಲ. ಇಂಥ ಕೆಲಸಕ್ಕೆ ದೇವರನ್ನು ಕರೆಯುವುದು ಹೇಗೆ? ಒಂದು ಗಂಟೆ ಕೊಯ್ದು ಆಗದೆ ಬೇಸತ್ತು ಬಂದಾರು, ಮಿಕ್ಸಿಯನ್ನೇ ಎತ್ತಿಕೊಂಡಾರು ಅಂತ ನನ್ನ ಲೆಕ್ಕ.

ಮರುದಿನ ಹೋದವರು ಬಂದದ್ದು ಸಂಜೆಗೇ. ಅಂಗಿ ಕೊಡವಿದೆ. ರಾಗಿಹಿಟ್ಟಿನಂತೆ ಪುಡಿ ಉದುರಿತು, ಅದರಲ್ಲಿ ಒಂದೇ ಒಂದು ಚಕ್ಕೆ ಇರಲಿಲ್ಲ. ಇಡೀ ದಿನ ಆ ಮೊಂಡು ಹಲ್ಲಿನ ಮೇಲೆ ಭಾರ ಬಿಟ್ಟು ಒತ್ತಿದ್ದಾರೆ ಅಂತ ನನಗೆ ತಿಳಿಯಿತು. ಆಗಲಾದರೂ ಚೂಪು ಮಾಡಬೇಕಿತ್ತು. ಮಾಡಲಿಲ್ಲ. ಹಟ. ಇನ್ನೊಂದು ದಿನ ನೋಡೋಣ ಅಂತ ಅರವನ್ನು ಹಲ್ಲಿಗೆ ತಾಗಿಸದೆ ಸದ್ದು ಮಾತ್ರ ಮಾಡಿ ಎತ್ತಿಟ್ಟೆ. ಮರುದಿನವೂ ಪುಡಿ. ಅವತ್ತೂ ಹಾಗೇ ಎತ್ತಿಟ್ಟೆ.

ಮೂರನೆಯ ದಿನ ಸಂಜೆ ಅವರು ಬಂದು ಹೊಸ್ತಿಲ ಮೇಲೆ ಕೂತರು. ಬಲಗೈ ಹಿಡಿಕೆ ಹಿಡಿದ ಹಾಗೆಯೇ ಮಡಚಿಕೊಂಡಿತ್ತು, ಮಿಷನ್ನು ಕೆಳಗಿದ್ದರೂ ಕೈ ಬಿಚ್ಚಿಕೊಂಡಿರಲಿಲ್ಲ. ಬೋಗುಣಿಯಲ್ಲಿ ಬೆಚ್ಚನೆ ನೀರು ತಂದು ಆ ಕೈ ಅದ್ದಿ, ಒಂದೊಂದೇ ಬೆರಳನ್ನು ಬಿಡಿಸಿದೆ. ಬಿಡಿಸುತ್ತಲೇ ಹೇಳಿಬಿಟ್ಟೆ, ಹಲ್ಲು ಮೊಂಡು ಮಾಡಿದವಳು ನಾನೇ ಅಂತ.

ಅವರು ತಲೆ ಎತ್ತಲಿಲ್ಲ. ‘ಪುಡಿ ಕಂಡಾಗ್ಲೇ ಗೊತ್ತಾಯ್ತು ಕಣಮ್ಮಿ’ ಅಂದರು.

‘ಗೊತ್ತಾಗಿನೂ ಯಾಕ್ ನಿಲ್ಲಿಸ್ಲಿಲ್ಲ? ನೀವೇ ಒಂದ್ ಗಳಿಗೆ ಕೂತು ಅರ ಉಜ್ಕಬೋದಿತ್ತಲ್ಲ?’

‘ಅರ ಇಡಿಯಾಕ್ ಕೈ ಎಲ್ಲದೆ? ಮೊಂಡ ಆಗದೆ ಅಂದ್ರೆ, ಉಜ್ಕಳ್ಳಲಾ ಅಂತಾರೆ. ಆಗಕಿಲ್ಲ, ನಮ್ಮನೆಯವ್ಳು ಉಜ್ಕೊಡ್ತಾಳೆ ಅಂತ ಅವ್ರ್ ಮುಂದೆ ಎಂಗ್ ಯೋಳ್ಲಿ?’

ಒಂದು ಮಾತು ನಾಲ್ಕು ಜನರ ಮುಂದೆ ಹೇಳಲಾರದೆ ಮೂರು ದಿನ ಕೈ ಸುಟ್ಟುಕೊಂಡಿದ್ದರು. ಅದೇ ಮಾತನ್ನು ಮುಚ್ಚಿಡಲು ಆರು ವರ್ಷ ಬಾಗಿಲು ಎಳೆದುಕೊಂಡು ಕೂತವಳು ನಾನು. ಯಾರನ್ನು ಬೈಯಲಿ? ಒಲೆಯ ಮೇಲೆ ಮುದ್ದೆಗೆ ಎಸರು ಉಕ್ಕುತ್ತಿತ್ತು, ಎದ್ದು ಹೋದೆ.

ಡಾಕ್ಟರು ಮತ್ತೆ ಚುಚ್ಚಿ ನೋಡಿದರು. ಮೂರು ದಿನದಲ್ಲಿ ಹೋಗುವ ನರವಲ್ಲ ಇದು, ವರ್ಷಗಳಿಂದ ಹೋಗುತ್ತಿತ್ತು ಅಂದರು. ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿಯೇ ಹಾಗಂದಿರಬೇಕು. ನಾನು ಅದನ್ನು ನಂಬಿಲ್ಲ. ಈಗ ಎರಡು ವರ್ಷದ ಮೇಲಾಯಿತು. ಬಲಗೈಯ ಕೊನೆಯ ಎರಡು ಬೆರಳು ತಿರುಗಿ ಬರಲಿಲ್ಲ. ತೋರುಬೆರಳಿಗೆ ತಣ್ಣಗಿದ್ದದ್ದು ತಿಳಿಯುತ್ತದೆ, ಬಿಸಿ ತಿಳಿಯುವುದಿಲ್ಲ. ಮುದ್ದೆ ಬಡಿಸಿದರೆ ನಾನು ಮೊದಲು ಮುಟ್ಟಿ ನೋಡಿ ಆಮೇಲೆ ಅವರ ತಟ್ಟೆಗೆ ಜರುಗಿಸುತ್ತೇನೆ. ಸೋಮವಾರ ಮಂಗಳಾರತಿ ಬಂದಾಗ ಅವರ ಮಣಿಕಟ್ಟು ಹಿಡಿದು ಉರಿಯ ಮೇಲೆ ಆಡಿಸಿ ಹಿಂದಕ್ಕೆ ಎಳೆಯುತ್ತೇನೆ. ಅತ್ತೆ ಈಗ ಪಕ್ಕಕ್ಕೆ ತಿರುಗಿ ಗಂಟೆ ಬಾರಿಸುತ್ತಾರೆ.

ಹೆಬ್ಬೆರಳು ಉಳಿದಿದೆ. ಎಡಗೈ ಮುಕ್ಕಾಲು ಸರಿಯಿದೆ. ಬೀಡಿ ಬಿಟ್ಟಿದ್ದಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ, ಇವರು ನಡೆದುಕೊಂಡು ಮನೆಗೆ ಬರುತ್ತಾರೆ. ದೇವರು ಕೊಟ್ಟದ್ದನ್ನು ಎಣಿಸಬೇಕು, ಎಣಿಸುತ್ತೇನೆ. ಎಣಿಸಿದಷ್ಟೂ ಬಾಯಿ ಕಹಿಯಾಗುತ್ತದೆ, ಅದನ್ನೂ ಅವನಿಗೇ ಹೇಳುತ್ತೇನೆ.

ದೊಡ್ಡ ಮಿಷನ್ನು ಅಟ್ಟದ ಮೇಲಿದೆ. ಈಗಲೂ ಕೇಳಿಕೊಂಡು ಬರುತ್ತಾರೆ. ಅದರ ಸದ್ದನ್ನು ಹೊಗಳುತ್ತಾರೆ, ಅದನ್ನು ಹಿಡಿದ ಕೈ ಹೇಗಿದೆ ಅಂತ ಕೇಳುವುದಿಲ್ಲ. ಇವರು ಚಿಕ್ಕದನ್ನು ಹಿಡಿದು ಅರ್ಧ ದಿನ ದುಡಿಯುತ್ತಾರೆ, ಅದಕ್ಕೇ ಒಪ್ಪಿ ಕರೆದವರ ಮನೆಗೆ ಮಾತ್ರ ಹೋಗುತ್ತಾರೆ.

ಹೋದ ತಿಂಗಳು ಒಂದು ಸಂಜೆ ನಾನು ಬಾಗಿಲು ಎಳೆಯಲು ಹೋದರೆ ತಡೆದರು. ಗೋಣಿಚೀಲವನ್ನು ತಾವೇ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಹಾಸಿದರು. ಬೆಳಕಿದೆ, ಇಲ್ಲೇ ಕೂತ್ಕೋ ಅಂದರು. ಮಿಕ್ಸಿ ಅಂತ ಮೊದಲು ನಕ್ಕಿದ್ದ ಆ ತೋಟದವನೇ ಬೈಕು ನಿಲ್ಲಿಸಿ, ಇದೇನವ್ವ ನೀನು ಉಜ್ತಾ ಇದ್ದೀಯ ಅಂದ. ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು: ‘ಮೊದಲಿಂದ್ಲೂ ಇವ್ಳೇ ಕಣಪ್ಪ ಉಜ್ಜೋದು. ನೀವು ಬೆಣ್ಣೆ ಬೆಣ್ಣೆ ಅಂತಿದ್ದಿದ್ದು ಇವಳ್ ಕೈನೇಯ.’

ಅವನು ಹೂಂ ಅಂದು ಬೈಕು ಹತ್ತಿ ಹೋದ. ನಗಲಿಲ್ಲ. ಇಷ್ಟೇ ಆಗಿದ್ದರೆ, ಹುಣಸೆಯ ಬುಡದಲ್ಲಿ ನಿಂತು ಇಷ್ಟೇ ಹೇಳಿದ್ದರೆ ಏನಾಗುತ್ತಿತ್ತು? ಆ ಮಾತಿನಿಂದ ನನಗೆ ಸಂತೋಷ ಆಗಬೇಕಿತ್ತು. ಕಣ್ಣು ಉರಿಯಿತು. ಕಬ್ಬಿಣದ ಪುಡಿ ಅಂದುಕೊಂಡೆ.

ಚಿಕ್ಕ ಮಿಷನ್ನಿಗೆ ಇಪ್ಪತ್ತೆಂಟೇ ಹಲ್ಲು. ಎಂಬತ್ತನಾಲ್ಕಕ್ಕೆ ಅರದ ಕೆಲಸ ಮುಗಿಯುತ್ತದೆ, ನೂರೆಂಟಕ್ಕೆ ಇಪ್ಪತ್ತನಾಲ್ಕು ಕಡಿಮೆ. ಉಳಿದ ಇಪ್ಪತ್ತನಾಲ್ಕು ಸಲ ಮಾದಪ್ಪನ ಹೆಸರನ್ನು ಎಣ್ಣೆಗೈಯಲ್ಲಿ ಅವರ ಕೊನೆಯ ಎರಡು ಬೆರಳು ತಿಕ್ಕುತ್ತಾ ಹೇಳುತ್ತೇನೆ. ನಾನು ತಿಕ್ಕುತ್ತಿದ್ದೇನೆ ಅಂತ ನೋಡಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಅದಕ್ಕೇ ಅವರು ನೋಡುತ್ತಾ ಕೂತಿರುತ್ತಾರೆ.