ಅಮಾವಾಸ್ಯೆಗೆ ಮಾತ್ರ ಬಿಡುವಿಲ್ಲದ ವಯರ್‌ಮ್ಯಾನ್

ನಮ್ಮ ಸಿರುಮುಗೈಯಲ್ಲಿ ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ. ಆ ದಿನ ಯಾರೂ ಮಗ್ಗದ ಕುಣಿಗೆ ಕಾಲು ಬಿಡುವುದಿಲ್ಲ, ಲಾಳಿ ಮುಟ್ಟುವುದಿಲ್ಲ. ತಲೆಗೆ ನೀರು ಹಾಕಿಕೊಂಡು, ಚೌಡಮ್ಮನಿಗೆ ಕಾಯಿ ಒಡೆದು, ಹೊಟ್ಟೆ ತುಂಬ ಉಂಡು ಗಂಡಸರೆಲ್ಲ ಜಗಲಿಯ ಮೇಲೆ ಉರುಳಿಕೊಳ್ಳುತ್ತಾರೆ. ಆ ದಿನ ಊರಲ್ಲಿ ಬೆವರು ಸುರಿಸಿ ಓಡಾಡುತ್ತಿದ್ದವನು ಒಬ್ಬನೇ, ವಯರ್‌ಮ್ಯಾನ್ ಚೆನ್ನಕೇಶವ.

ಕಾರಣ ಏನೂ ದೊಡ್ಡದಲ್ಲ. ಮನೆಗೆ ಹೊಸ ವಯರು ಎಳೆಯಬೇಕಾದರೆ ಗೋಡೆಗೆ ತೂತು ಹಾಕಬೇಕು, ಏಣಿ ಇಡಬೇಕು. ನಮ್ಮ ಬೀದಿಯ ಮನೆಗಳಲ್ಲಿ ಏಣಿ ಇಡುವುದಕ್ಕೆ ಜಾಗ ಎಲ್ಲಿತ್ತು? ನಡುಮನೆಯ ತುಂಬ ಮಗ್ಗವೇ. ಗೋಡೆಯ ಗಾರೆ ಉದುರಿ ಮಗ್ಗಕ್ಕೆ ಹೂಡಿದ ರೇಷ್ಮೆ ನೂಲಿನ ಹಾಸಿನ ಮೇಲೆ ಬಿತ್ತೆಂದರೆ ಸೀರೆ ಕೆಟ್ಟ ಹಾಗೆ. ಮಗ್ಗ ನಿಂತ ದಿನವಾದರೆ ಹಾಸನ್ನು ಮುಚ್ಚಿ ಏಣಿ ಇಡಬಹುದು, ಅದಕ್ಕೇ ಎಲ್ಲರೂ ಅವನಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅಮಾವಾಸ್ಯೆಗೆ ಬಾಪ್ಪಾ." ಹೀಗಾಗಿ ತಿಂಗಳೆಲ್ಲ ಟೀ ಅಂಗಡಿಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿರುತ್ತಿದ್ದ ಮನುಷ್ಯ ಅಮಾವಾಸ್ಯೆ ಬಂದರೆ ಊರಿಗೆಲ್ಲ ಬೇಕಾದವನು. ಇಲ್ಲ ಎನ್ನುವುದಕ್ಕೆ ಅವನ ನಾಲಿಗೆ ತಿರುಗುತ್ತಲೇ ಇರಲಿಲ್ಲ. ಯಾರು ಕರೆದರೂ "ಇದೋ, ಬಂದ್ಬುಟ್ಟೆ" ಎನ್ನುವನು. ಈ ಮನೆಯಲ್ಲಿ ಸ್ವಿಚ್ಚು ಬಿಚ್ಚುವನು, ಆ ಮನೆಯಲ್ಲಿ ಹೋಲ್ಡರ್ ಕಳಚುವನು, ಮೂರನೆಯ ಮನೆಯ ಫ್ಯಾನನ್ನು ಕೆಳಗಿಳಿಸಿ ಚಾಪೆಯ ಮೇಲೆ ಮಲಗಿಸಿ ನಾಲ್ಕನೆಯ ಮನೆಗೆ ಹೋಗುವನು.

ಇವನು ನಮ್ಮ ಅತ್ತೆಯ, ಅಂದರೆ ನಮ್ಮ ಯಜಮಾನರ ತಾಯಿ ಕುಪ್ಪಮ್ಮನವರ, ತಮ್ಮನ ಮಗ. ಅಪ್ಪ ಮಗ್ಗದವನೇ, ತಾತನೂ ಮಗ್ಗದವನೇ. ಆದರೆ ಚೆನ್ನಕೇಶವನಿಗೆ ದೇವರು ಕಾಲು ಕೊಡುವಾಗ ಅಳತೆ ಮರೆತುಬಿಟ್ಟಿದ್ದ. ಮಗ್ಗದ ಕುಣಿಯಲ್ಲಿ ಕೂತರೆ ಎರಡು ಮೊಣಕಾಲೂ ಹೋಗಿ ಮರಕ್ಕೆ ಹೊಡೆಯುತ್ತಿದ್ದವು. ಒಂದು ಮೊಳ ನೇಯುವುದರೊಳಗೆ ಮೊಣಕಾಲು ಬದನೆಕಾಯಿ ಬಣ್ಣ. ಕುಣಿಯನ್ನು ಇನ್ನಷ್ಟು ಆಳ ತೋಡೋಣವೆಂದು ಅವರಪ್ಪ ಗುದ್ದಲಿ ಹಿಡಿದಾಗ ನೀರು ಜಿನುಗಿತಂತೆ. ಭವಾನಿ ಹೊಳೆ ಪಕ್ಕದಲ್ಲೇ ಅಲ್ಲವೇ? ಆಮೇಲೆ ಹುಡುಗನನ್ನು ಕುರಿಚಿ ಎಂಬ ಊರಲ್ಲಿ ಮೋಟಾರು ಮಾಡುವ ಕಾರ್ಖಾನೆಗೆ ಸೇರಿಸಿದರು. ಅಲ್ಲಿ ಕೆಲಸ ಕಲಿತು, ಎಂಬತ್ತೆರಡನೆಯ ಇಸವಿಯ ಹೊತ್ತಿಗೆ ಊರಿಗೆ ವಾಪಸ್ಸು ಬಂದ. ಬರುವಾಗ ಅಂಗಿಯ ಜೇಬಿನಲ್ಲಿ ಮೇಷ್ಟ್ರು ಪೆನ್ನು ಇಟ್ಟುಕೊಂಡ ಹಾಗೆ ಒಂದು ಟೆಸ್ಟರ್. ಕಂಡಕಂಡದ್ದಕ್ಕೆಲ್ಲ ಅದನ್ನು ಮುಟ್ಟಿಸಿ ಕರೆಂಟ್ ಇದೆಯಾ ಎಂದು ನೋಡುವನು. ಒಂದು ಸಲ ನಮ್ಮ ಎಮ್ಮೆಗೂ ಮುಟ್ಟಿಸಿದ. ಎಮ್ಮೆ ಒದ್ದಿತು. "ಅಕ್ಕಾ, ಇದರಲ್ಲಿ ಫುಲ್ ವೋಲ್ಟೇಜ್ ಐತೆ" ಎಂದು ಕುಂಟುತ್ತ ಹೋದ.

ಅತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ ಶಿವಗಾಮಿ. ಸೋದರಮಾವನ ಮಗ ಎಂದ ಮೇಲೆ ಚೆನ್ನಕೇಶವನಿಗೆ ಆ ಹುಡುಗಿಯ ಮೇಲೆ ಹಕ್ಕು. ಅವಳು ತೊಟ್ಟಿಲಲ್ಲಿದ್ದಾಗಲೇ ಇವಳು ನಿನ್ನ ಹೆಂಡತಿ ಕಣೋ ಎಂದು ಇವನಿಗೆ ಹೇಳಿ ನಗಿಸುತ್ತಿದ್ದರಂತೆ. ಅವನು ಮಗ್ಗ ಬಿಟ್ಟು ವಯರು ಹಿಡಿದದ್ದೇ, ಅತ್ತೆಗೆ ಆ ಮಾತೆಲ್ಲ ಮರೆತುಹೋಯಿತು.

"ತಿಂಗಳಿಗೆ ಒಂದು ದಿನ ಕೆಲಸ ಮಾಡೋನಿಗೆ ಹೆಣ್ಣು ಕೊಟ್ಟರೆ ನನ್ ಮಗಳು ಮಿಕ್ಕ ದಿನ ಏನ್ ತಿಂತಾಳೆ, ಬಲ್ಬಾ?" ಎನ್ನುವರು. ಇನ್ನೊಂದು ದಿನ, "ಕರೆಂಟ್ ಕಂಬಕ್ಕೆ ಯಾರಾದ್ರೂ ಹೆಣ್ಣು ಕೊಡ್ತಾರಾ?" ಎನ್ನುವರು.

ಶಿವಗಾಮಿ ಅದಕ್ಕೆಲ್ಲ ತುಟಿ ಬಿಚ್ಚಿದವಳಲ್ಲ. ಆದರೆ ನಮ್ಮ ಮನೆಯ ಫ್ಯೂಸು ಮಾತ್ರ ವಾರಕ್ಕೊಮ್ಮೆ ಹೋಗುತ್ತಿತ್ತು. ಬೀದಿಯಲ್ಲಿ ಇನ್ನಾರ ಮನೆಯ ಫ್ಯೂಸೂ ಹಾಗೆ ಹೋಗುತ್ತಿರಲಿಲ್ಲ. ಅದನ್ನು ಹಾಕುವುದಕ್ಕೆ ಅಮಾವಾಸ್ಯೆ ಬೇಕಿಲ್ಲ, ಏಣಿಯೂ ಬೇಕಿಲ್ಲ, ಉದ್ದ ಕಾಲಿನವನೊಬ್ಬ ಬಂದು ಬಾಗಿಲ ಮೇಲಿನ ಪೆಟ್ಟಿಗೆಗೆ ಕೈ ಎತ್ತಿದರೆ ಸಾಕು. ಬಂದವನಿಗೆ ಶಿವಗಾಮಿ ಒಂದು ಲೋಟ ಮಜ್ಜಿಗೆ ಕೊಡುವಳು. ಒಂದು ದಿನ ಅವಳು ಜೇಡರ ಬಲೆ ತೆಗೆಯುವ ಕೋಲು ಹಿಡಿದು ಆ ಪೆಟ್ಟಿಗೆಯ ಕೆಳಗೆ ನಿಂತಿದ್ದಳು. "ಅಲ್ಲಿ ಬಲೆ ಎಲ್ಲಿದೆಯೇ?" ಎಂದೆ. "ಕಟ್ಟೋದ್ರೊಳಗೇ ತೆಗೀತಿದೀನಿ ಅತ್ತಿಗೆ" ಎಂದಳು. ನಾನು ಒಳಗೆ ಹೋಗಿ ಮಜ್ಜಿಗೆ ಕಡೆದಿಟ್ಟೆ.

ಎಂಬತ್ತನಾಲ್ಕರ ಮಾಸಿ ತಿಂಗಳಲ್ಲಿ ಪಲ್ಲಡಂ ಕಡೆಯಿಂದ ಒಂದು ಸಂಬಂಧ ಬಂತು. ನಮ್ಮ ಕುಲದವರೇ, ಕೈಮಗ್ಗ ಬಿಟ್ಟು ಶೆಡ್ಡು ಹಾಕಿ ಪವರ್‌ಲೂಮ್ ಓಡಿಸುವವರು. ತಾಯಿ ಅಂಗಮ್ಮ, ಮಗ ಕೃಷ್ಣಸಾಮಿ. ಅಮಾವಾಸ್ಯೆ ಸಂಜೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅತ್ತೆ ನಮ್ಮ ನಡುಮನೆಯ ಗುಂಡು ಬಲ್ಬನ್ನು ಒಮ್ಮೆ ನೋಡಿದರು. ಅದು ಮಾವನವರ ಕಾಲದ್ದು, ಸಂಜೆಯಾದರೆ ಬೆಂದ ಕುಂಬಳಕಾಯಿ ಬಣ್ಣಕ್ಕೆ ತಿರುಗುವುದು.

"ಈ ಬೆಳಕಲ್ಲಿ ಹುಡುಗಿ ಕಾಮಾಲೆ ಬಂದೋಳ್ ತರ ಕಾಣ್ತಾಳೆ. ಟ್ಯೂಬ್ ಲೈಟ್ ಹಾಕಿಸು ಲಿಂಗಸಾಮಿ. ಹಳೇ ವಯರೂ ಬದಲಾಯಿಸಿಬಿಡ್ಲಿ" ಎಂದರು.

ನಮ್ಮ ಯಜಮಾನರು ತಲೆ ಕೆರೆದುಕೊಂಡರು. "ಹಾಕೋನು ಯಾರು ಅವ್ವಾ? ಊರಲ್ಲಿರೋದು ಒಬ್ಬನೇ."

"ಅವನೇ ಹಾಕ್ಲಿ. ಕೂಲಿ ಕೊಡಲ್ವಾ?"

ತನಗೆ ಬರಬೇಕಾದ ಹುಡುಗಿಯನ್ನು ಇನ್ನೊಬ್ಬ ಚೆನ್ನಾಗಿ ನೋಡಲಿ ಎಂದು ಅವನೇ ಬಂದು ದೀಪ ಹಾಕಬೇಕು! ಯಜಮಾನರು ಹೋಗಿ ಹೇಳಿದಾಗ ಅವನು ಕುಡಿಯುತ್ತಿದ್ದ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟನಂತೆ. ಆಮೇಲೆ ಅದೇ ಮಾತು. "ಇದೋ, ಬಂದ್ಬುಟ್ಟೆ ಬಾವ."

ಅಮಾವಾಸ್ಯೆ ಬೆಳಿಗ್ಗೆ ಬಂದ. ನಾವು ಮಗ್ಗದ ಮೇಲಿನ ಹಾಸನ್ನು ಎರಡು ಪಂಚೆ ಹೊದಿಸಿ ಮುಚ್ಚಿದ್ದೆವು. ಅವನು ಏನಾದರೂ ಕಿತಾಪತಿ ಮಾಡುತ್ತಾನೆಂದು ಅತ್ತೆಗೆ ಅನುಮಾನ. ಹೊಸ್ತಿಲಲ್ಲೇ ಕೂತು ಅವನ ಕೈಯನ್ನೇ ಕಾಯುತ್ತಿದ್ದರು.

"ಬೆಳಕು ಎಲ್ಲಿ ಬೀಳ್ಬೇಕು ಅತ್ತೆ?"

"ಹುಡುಗಿ ನಿಲ್ಲೋ ಕಡೆ."

"ಹಂಗಾದ್ರೆ ಶಿವಗಾಮೀನ ಬಂದು ನಿಲ್ಲೋಕೆ ಹೇಳಿ. ಎತ್ತರ ನೋಡ್ಬೇಕು."

"ಅವಳ್ಯಾಕೆ? ನಾನ್ ನಿಲ್ತೀನಿ, ನನ್ ಎತ್ತರ ನೋಡು" ಎಂದು ಅತ್ತೆ ಎದ್ದು ಕಂಬದ ಪಕ್ಕ ನಿಂತರು. ಅವರು ಶಿವಗಾಮಿಯ ಭುಜಕ್ಕೂ ಬರುವುದಿಲ್ಲ. ಚೆನ್ನಕೇಶವ ಏಣಿಯ ಮೇಲಿಂದ ಅತ್ತೆಯ ಮುಖವನ್ನೇ ಗುರಿಯಿಟ್ಟು, ದೀಪದ ಮೇಲಿನ ತಗಡಿನ ಮರೆಯನ್ನು ಕೆಳಕ್ಕೆ ವಾಲಿಸಿ ಮೊಳೆ ಹೊಡೆದ. ಅಡಿಗೆಮನೆಯಲ್ಲಿ ಶಿವಗಾಮಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಗುವೋ ಅಳುವೋ, ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಕೂಗು ಶುರುವಾಯಿತು. ಎದುರು ಮನೆಯ ಸುಶೀಲ ಬಂದಳು, "ಚೆನ್ನಣ್ಣಾ, ನಮ್ಮನೆ ಸ್ವಿಚ್ಚು!" ಇವನು "ಇದೋ" ಎಂದು ಏಣಿಯಿಂದ ಇಳಿದ. ಅತ್ತೆಗೆ ಸಿಟ್ಟು ಬಂತು. ಇವನು ಹೋದರೆ ನಾಳೆಗೂ ಬರುವುದಿಲ್ಲವೆಂದು ಅವರಿಗೆ ಗೊತ್ತು. ನೆಲದ ಮೇಲೆ ಅವನ ಇಕ್ಕಳ ಬಿದ್ದಿತ್ತು. ಕಟಿಂಗ್ ಪ್ಲೇಯರ್ ಎನ್ನುತ್ತಿದ್ದ ಅದನ್ನು. ಅದಿಲ್ಲದೆ ಅವನಿಗೆ ಒಂದು ತಂತಿ ಕತ್ತರಿಸಲೂ ಆಗದು, ಬಿಗಿಯಲೂ ಆಗದು. ಅತ್ತೆ ಅದನ್ನು ಎತ್ತಿಕೊಂಡು, ಎಲೆ ಅಡಿಕೆ ಚೀಲ ಸಿಕ್ಕಿಸುವ ಕಡೆಯಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೋಗು ರಾಜಾ, ಹೋಗು. ನೋಡ್ಕೊಂಡು ಬಾ. ಕತ್ತರಿಸೋದು ಬಿಗಿಯೋದು ಎಲ್ಲ ನಮ್ಮನೆ ಕೆಲಸ ಮುಗಿದ ಮೇಲೆ."

ಅವನು ಅಂಥಾದ್ದಕ್ಕೆ ಬಗ್ಗುವವನಲ್ಲ. ಟೆಸ್ಟರ್ ಒಂದನ್ನೇ ಹಿಡಿದು ಹೋದ. ಟೆಸ್ಟರ್‌ನಿಂದ ಎಲ್ಲವನ್ನೂ ಬಿಚ್ಚಬಹುದು, ಸೇರಿಸುವುದಕ್ಕೆ ಮಾತ್ರ ಆಗುವುದಿಲ್ಲ! ಸುಶೀಲಳ ಮನೆಯಲ್ಲಿ ಬಿಚ್ಚಿದ, ಮೂಲೆಯ ಮನೆಯಲ್ಲಿ ಬಿಚ್ಚಿದ, ದೇವಸ್ಥಾನದ ಪಕ್ಕದ ಮನೆಯಲ್ಲಿ ಇಡೀ ಸ್ವಿಚ್ಚಿನ ಹಲಗೆಯನ್ನೇ ಕಳಚಿ ಇಟ್ಟ. ಎಲ್ಲರಿಗೂ "ಇದೋ, ಪ್ಲೇಯರ್ ತಂದ್ಬುಟ್ಟೆ" ಎಂದು ಹೇಳಿ ಮತ್ತೆ ನಮ್ಮ ಮನೆಗೆ ಬರುವನು. ಅತ್ತೆ ಸೊಂಟದಿಂದ ತೆಗೆದು ಕೊಡುವರು, ನಮ್ಮ ಒಂದು ತಂತಿ ಬಿಗಿಸಿಕೊಂಡು ಮತ್ತೆ ಕಿತ್ತುಕೊಳ್ಳುವರು. ನಮ್ಮ ಮನೆಯ ಕೆಲಸ ಮುಗಿದು ಅವನು ಏಣಿ ಮಡಿಸುವಾಗ ಹೊತ್ತು ಇಳಿದಿತ್ತು. ಅವನು ಪ್ಲೇಯರ್ ಕೇಳುವುದಕ್ಕೆ ಬಾಯಿ ತೆರೆಯುವುದಕ್ಕೂ, ಬಾಗಿಲಲ್ಲಿ ಪಲ್ಲಡಂನವರ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

"ಬನ್ನಿಂಗ, ಬನ್ನಿಂಗ, ಕುಂತ್ಕೊಳ್ಳಿಂಗ" ಎಂದು ಅತ್ತೆ ಓಡಿದರು. ಇಕ್ಕಳ ಸೊಂಟದಲ್ಲೇ ಉಳಿಯಿತು. ಚೆನ್ನಕೇಶವ ಬಾಗಿಲ ಪಕ್ಕ, ಎತ್ತ ಹೋಗಬೇಕೆಂದು ತಿಳಿಯದೆ ಏಣಿ ಹಿಡಿದುಕೊಂಡು ನಿಂತ.

ದೀಪ ಹಚ್ಚುವ ಹೊತ್ತಾಗಿತ್ತು. ಯಜಮಾನರು ಸ್ವಿಚ್ಚು ಒತ್ತಿದರು. ಸಂಜೆ ದೀಪ ಕಂಡರೆ ಕೈಮುಗಿಯುವುದು ನಮ್ಮಲ್ಲಿ ವಾಡಿಕೆ. ಟ್ಯೂಬ್ ಲೈಟ್ ಪಳಕ್ಕೆಂದಿತು, ಎಲ್ಲರೂ ಕೈಮುಗಿದರು. ಆರಿತು, ಕೈ ಇಳಿಸಿದರು. ಮತ್ತೆ ಪಳಕ್, ಮತ್ತೆ ಕೈಮುಗಿದರು. ವೋಲ್ಟೇಜ್ ಕಮ್ಮಿ. ಅಂಗಮ್ಮ, ಅತ್ತೆ, ಕೃಷ್ಣಸಾಮಿ ಮೂವರೂ ಡ್ರಿಲ್ ಮಾಸ್ಟರ್ ಮುಂದೆ ನಿಂತವರ ಹಾಗೆ ಕೈ ಎತ್ತುವುದು, ಇಳಿಸುವುದು. ಕಡೆಗೆ ದೀಪ ನಿಂತಿತು. ಅಬ್ಬಾ, ಎಂಥ ಬೆಳಕು! ನೇರ ಅತ್ತೆಯ ಮುಖದ ಮೇಲೆ. ಕಾಫಿ ತಂದ ಶಿವಗಾಮಿಗೆ ಕುತ್ತಿಗೆಯಿಂದ ಕೆಳಗೆ ಬೆಳಕು, ಮೇಲೆ ಕತ್ತಲು.

ಕೃಷ್ಣಸಾಮಿ ಅವಳನ್ನು ನೋಡಲಿಲ್ಲ. ದೀಪ ನೋಡಿದ, ಗೋಡೆಯ ಮೇಲೆ ನೂಲು ಹಿಡಿದ ಹಾಗೆ ನೇರವಾಗಿ ಹೋಗಿದ್ದ ಹೊಸ ವಯರು ನೋಡಿದ, ಏಣಿ ಹಿಡಿದವನನ್ನು ನೋಡಿದ.

"ಅಣ್ಣಾ, ನೀವಾ ಹಾಕಿದ್ದು? ನಮ್ಮ ಶೆಡ್ಡಲ್ಲಿ ಒಂದು ಮೋಟಾರು ಓಡ್ತಾ ಓಡ್ತಾ ಸುಟ್ಟ ವಾಸನೆ ಬರ್ತದೆ. ಯಾಕಣ್ಣಾ?"

ಕುರಿಚಿಯಿಂದ ಬಂದ ಮೇಲೆ ಅವನನ್ನು ಮೋಟಾರಿನ ಬಗ್ಗೆ ಕೇಳಿದವರು ಯಾರಿದ್ದರು? ಏಣಿ ಒರಗಿಸಿದ, ಬಂದು ಪಕ್ಕದಲ್ಲೇ ಕೂತ. ಇಬ್ಬರೂ ಬೇರಿಂಗು, ಕಾಯಿಲು ಎಂದು ಮಾತಿಗಿಳಿದರು. ಶಿವಗಾಮಿ ಕಾಫಿ ಹಿಡಿದು ನಿಂತೇ ಇದ್ದಳು. ಕಡೆಗೆ ಕೃಷ್ಣಸಾಮಿಯ ಲೋಟವನ್ನೂ ಚೆನ್ನಕೇಶವನಿಗೇ ಕೊಟ್ಟು ಒಳಗೆ ಬಂದಳು.

ಅತ್ತೆ ಮಾತು ಬದಲಿಸಲೆಂದು ಕೇಸರಿಬಾತಿನ ಬಟ್ಟಲು ಎತ್ತಿಕೊಂಡು ಅಂಗಮ್ಮನ ಮುಂದೆ ಬಗ್ಗಿದರು. ಬಗ್ಗಿದ್ದೇ ತಡ, ಸೊಂಟದಿಂದ ಇಕ್ಕಳ ಜಾರಿ ಬಜ್ಜಿ ತಟ್ಟೆಯ ಮೇಲೆ ಠಣಾರ್ ಎಂದು ಬಿತ್ತು. ಅಂಗಮ್ಮ ಎರಡು ಕಾಲನ್ನೂ ಮೇಲೆತ್ತಿಕೊಂಡರು.

ಬಾಗಿಲ ಹೊರಗೆ ಸುಶೀಲಳೂ ಬೀದಿಯ ಹೆಂಗಸರೂ ಆಗಲೇ ಬಂದು ಕಾಯುತ್ತಿದ್ದರು. ಹೊತ್ತು ಮುಳುಗಿತ್ತು, ಅವರ ಮನೆಗಳೆಲ್ಲ ಕತ್ತಲು. ಇಕ್ಕಳ ಕಂಡದ್ದೇ ಕೂಗು ಎದ್ದಿತು.

"ಅಗೋ, ಪ್ಲೇಯರ್ ಅಲ್ಲೈತೆ! ಕುಪ್ಪಮ್ಮತ್ತೆ ಸೊಂಟದಲ್ಲಿ ಇಟ್ಕೊಂಡವ್ರೆ!"

"ಚೆನ್ನಣ್ಣಾ, ನನ್ ಮನೆಗೆ ಮೊದ್ಲು!"

"ಅವಳದೇನು ಮೊದ್ಲು? ನನ್ ಹಲಗೆ ಬೆಳಿಗ್ಗೆಯಿಂದ ನೆಲದ ಮೇಲೆ ಬಿದ್ದೈತೆ!"

ಒಬ್ಬಳು ಅವನ ಅಂಗಿ ಹಿಡಿದಳು, ಇನ್ನೊಬ್ಬಳು ಏಣಿ ಹಿಡಿದಳು. ಅವನು "ಇದೋ, ಇದೋ" ಎನ್ನುತ್ತಿದ್ದ.

ಅಂಗಮ್ಮ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡಿದರು. "ಯಾರುಂಗ ಈ ಹುಡುಗ? ಊರೇ ಬಂದು ಎಳೀತೈತೆ?"

"ನನ್ ತಮ್ಮನ ಮಗ" ಎಂದರು ಅತ್ತೆ, ನಾಚಿಕೆಯಿಂದ ತಲೆ ತಗ್ಗಿಸಿ.

"ನಮ್ಮ ಕುಲದವ್ನೇ! ಮದುವೆ ಆಗೈತಾ?"

"ಇಲ್ಲ."

ಅಂಗಮ್ಮ ಬಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದರು. "ನೋಡಿಂಗ, ಕೃಷ್ಣಸಾಮಿದು ಅವಸರ ಇಲ್ಲ. ನನಗೊಬ್ಬ ಮಗಳವ್ಳೆ, ಇವನಿಗಿಂತ ದೊಡ್ಡೋಳು. ನಮ್ಮ ಶೆಡ್ಡಿನ ಮೋಟಾರು ಕೆಟ್ರೆ ರಿಪೇರಿಯೋನು ವಾರ ಆದ್ರೂ ಬರಲ್ಲ, ಲೂಮೆಲ್ಲ ಸುಮ್ನೆ ನಿಲ್ತಾವೆ. ಮನೇಲೇ ಇಂಥ ಅಳಿಯ ಇದ್ರೆ ಬೇರೇನ್ ಬೇಕು? ನಿಮ್ ತಮ್ಮನ್ನ ಕರೀರಿ. ಈಗ್ಲೇ ಮಾತಾಡೋಣ."

ಅಡಿಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು. ನಾನು ಅತ್ತೆಯ ಮುಖ ನೋಡಿದೆ. ಟ್ಯೂಬ್ ಲೈಟ್ ನೇರ ಅಲ್ಲೇ ಬಿದ್ದಿತ್ತಲ್ಲ, ಒಂದು ಗೆರೆಯೂ ತಪ್ಪದೆ ಕಾಣುತ್ತಿತ್ತು. ಮೊದಲು ಬೆರಗು, ಆಮೇಲೆ ಲೆಕ್ಕಾಚಾರ, ಆಮೇಲೆ ಸಿಟ್ಟು. ತಾನು ಬೇಡವೆಂದು ಮೂಲೆಗೆ ಎಸೆದ ಕೊಡವನ್ನು ಪಕ್ಕದವಳು ಎತ್ತಿಕೊಂಡರೆ ಹೇಗಿರುತ್ತದೋ, ಹಾಗೆ.

"ಅದೆಂಗಾಗ್ತದೆ?" ಎಂದು ಅತ್ತೆ ಸೆಟೆದು ನಿಂತರು. "ನನ್ ಮಗಳು ಹುಟ್ಟಿದಾಗ್ಲಿಂದ ಅವಳಿಗೇ ಅಂತ ಗೊತ್ತು ಮಾಡಿರೋ ಹುಡುಗ ಅವನು. ಹಕ್ಕಿನ ಗಂಡು. ಇವತ್ತೇನೋ ದೊಡ್ಡೋರು ಬರ್ತೀವಿ ಅಂದ್ರಿ, ಬೇಡ ಅನ್ನೋಕೆ ಆಗ್ಲಿಲ್ಲ, ಬನ್ನಿಂಗ ಅಂದ್ವಿ."

"ಅವ್ವಾ, ನೀನೇ ತಾನೇ..." ಎಂದು ಯಜಮಾನರು ಶುರು ಮಾಡಿದರು. ನಾನು ಅವರ ಕಾಲು ತುಳಿದೆ.

ಅಂಗಮ್ಮ ದೊಡ್ಡ ಮನಸ್ಸಿನವರು. ಜೋರಾಗಿ ನಕ್ಕುಬಿಟ್ಟರು. "ಹಂಗಾದ್ರೆ ಮೋಟಾರು ನೋಡೋಕಾದ್ರೂ ಕಳ್ಸಿಂಗ" ಎಂದು, ಇಕ್ಕಳ ಬಿದ್ದ ತಟ್ಟೆಯ ಬಜ್ಜಿಯನ್ನೂ ಬಿಡದೆ ತಿಂದು ಹೊರಟರು. ಅತ್ತೆ ಬಗ್ಗಿ ಇಕ್ಕಳ ಎತ್ತಿ, ಸೆರಗಿನಲ್ಲಿ ಎಣ್ಣೆ ಒರೆಸಿ, ಚೆನ್ನಕೇಶವನ ಕೈಗೆ ಕೊಟ್ಟರು.

"ಮೊದ್ಲು ಬೀದಿಗೆಲ್ಲ ದೀಪ ಹಾಕಿ ಬಾ. ಊಟಕ್ಕೆ ಇಲ್ಲಿಗೇ ಬರ್ಬೇಕು. ಮಾತಾಡೋದೈತೆ."

ಅವನು ಹೊರಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ತಲೆ ಹೊಡೆಸಿಕೊಂಡು, ಆ ಚೌಕಟ್ಟಿಗೇ ಕೈಮುಗಿದು ಹೋದ.

ಮೂರು ತಿಂಗಳು ಕಳೆದು, ವೈಕಾಸಿಯಲ್ಲಿ ಮದುವೆ. ಮದುವೆ ಸೀರೆಯನ್ನು ಯಜಮಾನರು ಆ ಟ್ಯೂಬ್ ಲೈಟಿನ ಕೆಳಗೇ ನೇಯ್ದರು. ತಿಂಗಳಿಗೆರಡು ಸಲ ಚೆನ್ನಕೇಶವ ಪಲ್ಲಡಂಗೆ ಮೋಟಾರು ರಿಪೇರಿಗೆ ಹೋಗತೊಡಗಿದ, ಅಲ್ಲಿಂದ ಬೇರೆ ಶೆಡ್ಡುಗಳವರೂ ಕರೆದರು. ಟೀ ಅಂಗಡಿಯ ಬೆಂಚು ಖಾಲಿಯಾಯಿತು. ಇನ್ನು ನಮ್ಮ ಫ್ಯೂಸು ಆಮೇಲೆ ಹೋದದ್ದೇ ಇಲ್ಲ. "ಹೊಸ ವಯರಲ್ವಾ, ನನ್ ಅಳಿಯ ಎಳೆದದ್ದು" ಎಂದು ಅತ್ತೆ ಕಂಡವರಿಗೆಲ್ಲ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಆದರೆ ಹೊಸ ದಂಪತಿಯ ಸ್ವಂತ ಮನೆಯ ಅವಸ್ಥೆ ನೋಡಬೇಕಿತ್ತು! ಅಡಿಗೆಮನೆಯ ಸ್ವಿಚ್ಚು ಗೋಡೆ ಬಿಟ್ಟು ಜೋತಾಡುತ್ತಿತ್ತು. ಚೆನ್ನಕೇಶವ ಅದನ್ನು ಉಳಿಕೆ ರೇಷ್ಮೆ ನೂಲಿನಲ್ಲಿ ಮೊಳೆಗೆ ಕಟ್ಟಿದ್ದ. ಶಿವಗಾಮಿ ದಿನವೂ ಹೇಳುವಳು, ಅವನು ದಿನವೂ "ಇದೋ, ಬಂದ್ಬುಟ್ಟೆ" ಎನ್ನುವನು. ಒಂದು ಅಮಾವಾಸ್ಯೆ ಬೆಳಿಗ್ಗೆ ನಾನು ಬೆಲ್ಲ ಕೇಳಲೆಂದು ಅವರ ಮನೆಗೆ ಹೋದೆ. ಚೆನ್ನಕೇಶವ ಚೀಲವನ್ನು ತಲೆಕೆಳಗು ಮಾಡಿ ನೆಲಕ್ಕೆ ಸುರಿದುಕೊಂಡು, ಪ್ಲೇಯರ್ ಎಲ್ಲಿ ಎಂದು ಮಂಚದ ಕೆಳಗೆಲ್ಲ ತಡಕುತ್ತಿದ್ದ. ಬಾಗಿಲಲ್ಲಿ ಬೀದಿಯವರು ಕೂಗುತ್ತಿದ್ದರು. ಶಿವಗಾಮಿ ಒಲೆಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದಳು. ಸೊಂಟದ ಹತ್ತಿರ ಸೀರೆ ಒಂದು ಕಡೆ ಉಬ್ಬಿತ್ತು.

"ಮೊದ್ಲು ಈ ಸ್ವಿಚ್ಚು" ಎಂದಳು, ಹಿಂತಿರುಗಿ ನೋಡದೆ.