ಕಳಸವೇರಿದ ಪಲ್ಯ

ಬಳ್ಳೊಳ್ಳಿ ಸುಲಿದ ಬೆರಳನ್ನು ಯಾರೂ ನೋಡದಾಗ ಮೂಗಿಗೆ ಹಿಡಿದು ಮೂಸಿ ನೋಡಿಕೊಳ್ಳುವ ಚಟ ನಿಮಗೂ ಉಂಟೇನ್ರಿ? ಇದ್ದರೆ ನಾಚಿಕೊಳ್ಳಬೇಡಿ, ನನಗೂ ಉಂಟು. ಸಾಬೂನು ಹಚ್ಚಿದರೂ, ಹುಣಸೆಹಣ್ಣು ತಿಕ್ಕಿದರೂ, ಒಲೆಯ ಬೂದಿಯಲ್ಲಿ ಉಜ್ಜಿದರೂ ಆ ವಾಸನೆ ಹೋಗುವುದಿಲ್ಲ. ಮಳೆಗಾಲದಲ್ಲಿ ಬಂದ ಬೀಗರ ಹಾಗೆ ‘ನಾಳೆ ಹೋದರಾಯ್ತು’ ಎಂದು ಅಲ್ಲೇ ಕಾಲು ಚಾಚಿಕೊಂಡಿರುತ್ತದೆ. ಈ ಹೊತ್ತು ನನ್ನ ಬೆರಳಲ್ಲಿ ಆ ವಾಸನೆ ಗಮ್ಮಂತ ಐತಿ, ಮನಸ್ಸಿನಲ್ಲಿ ಸಂತೋಷ ಉಕ್ಕಲು ಹತ್ತೇತಿ. ಹಾಲು ಉಕ್ಕಿದರೆ ಉರಿ ಸಣ್ಣ ಮಾಡಬಹುದು, ಸಂತೋಷ ಉಕ್ಕಿದರೆ ಯಾವ ಉರಿ ಸಣ್ಣ ಮಾಡಬೇಕೋ ನಾಲ್ಕನೇ ಇಯತ್ತೆ ಕಲಿತ ನನಗಂತೂ ಗೊತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಕೂತು ಉಕ್ಕಿಸುತ್ತಿದ್ದೇನೆ.

ನನ್ನ ಮೊಮ್ಮಗ ಮಲ್ಲು ಗೋವಾದ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ನಮ್ಮ ದೊಡವಾಡದಲ್ಲಿ ಹಾಗಂದರೆ ಜನ ಮೊದಲು ನಗುತ್ತಾರೆ, ಆಮೇಲೆ ‘ಏನೇನ್ ಮಾಡತಾನ?’ ಎಂದು ಬಾಯಿ ಚಪ್ಪರಿಸುತ್ತಾ ಕೇಳುತ್ತಾರೆ. ಅವನಿಗೆ ಸಾಲಹಳ್ಳಿಯ ಸುಜಾತಾ ಮೆಚ್ಚಿಗೆಯಾಗಿದ್ದಳು. ರಾಮದುರ್ಗದ ಸಾಲಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಆ ಹುಡುಗಿಗೂ ಇವನು ಮೆಚ್ಚಿಗೆ. ಒಪ್ಪಬೇಕಾದವನು ಅವಳ ಅಪ್ಪ ಫಕೀರಪ್ಪ ಒಬ್ಬನೇ. ಒಲೆ ಮುಂದೆ ನಿಂತು ಹೊಟ್ಟೆ ಹೊರೆಯುವ ಗಂಡಸಿಗೆ ಮಗಳನ್ನು ಹೇಗೆ ಕೊಡುವುದು ಎಂಬುದು ಆತನ ಚಿಂತೆ. ‘ಮನಿ ನೋಡಾಕ ಬರ್ತೀವಿ, ಆಮ್ಯಾಲೆ ಹೇಳ್ತೀವಿ’ ಎಂದು ಹೇಳಿ ಕಳಿಸಿದ್ದ.

ಇನ್ನೊಂದು ತೊಡಕು ಕೇಳ್ರಿ. ನಮ್ಮ ಕಡೆ ಸಂಬಂಧ ನಿಕ್ಕಿಯಾಗುವ ತನಕ ಹೆಣ್ಣಿನವರು ಗಂಡಿನ ಮನೆಯಲ್ಲಿ ಉಣ್ಣುವುದಿಲ್ಲ. ಚಹಾ ಕುಡಿಯುತ್ತಾರೆ, ಬಹಳ ಒತ್ತಾಯಿಸಿದರೆ ಒಂದು ಹಿಡಿ ಅವಲಕ್ಕಿ. ರೊಟ್ಟಿ ಮುರಿದರೆ ಮುಗಿಯಿತು, ಹೂಂ ಅಂದ ಹಾಗೆ. ಮಲ್ಲುವಿನ ವಿದ್ಯೆಯೆಲ್ಲ ಇರುವುದೇ ಊಟದಲ್ಲಿ. ಊಟ ಮಾಡದವನಿಗೆ ತನ್ನ ವಿದ್ಯೆ ಹೇಗೆ ತೋರಿಸಬೇಕು? ಸುಜಾತಾ ಫೋನಿನಲ್ಲಿ ಒಂದು ಗುಟ್ಟು ಹೇಳಿದ್ದಳಂತೆ: ‘ನಮ್ಮಪ್ಪ ಬಳ್ಳೊಳ್ಳಿ ವಗ್ಗರಣಿ ಬಿದ್ದರ ಕಲ್ಲೂ ತಿಂತಾನ.’ ಅದಕ್ಕೇ ಇವನು ಅವಲಕ್ಕಿಯ ಬದಲು ಬಟ್ಟಲಲ್ಲಿ ಒಂದು ಪಲ್ಯ ಕೊಡುವ ಹಂಚಿಕೆ ಹಾಕಿದ್ದ. ಆಲೂಗಡ್ಡೆ, ಬಳ್ಳೊಳ್ಳಿ, ಜೊತೆಗೆ ಗೋವಾದಿಂದ ತಂದ ಆರ್ಟಿಚೋಕ್ ಎಂಬ ಒಂದು ಕಾಯಿಪಲ್ಲೆ. ಅವರ ಹೋಟೆಲಿನಲ್ಲಿ ಇದು ತಾಟಿನ ನಡುವೆ ಕೂರುವ ಪದಾರ್ಥವಲ್ಲವಂತೆ, ಬದಿಗೆ ಕೂರುವ ಪಲ್ಯವಂತೆ. ಬದಿಗೆ ಕೂರುವವರ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ವಯಸ್ಸಾದ ಮೇಲೆ ನಾವೂ ಅಲ್ಲೇ ಕೂರುವವರಲ್ಲವೇ?

ಆದರೆ ಆ ಕಾಯಿಪಲ್ಲೆಯ ಸುದ್ದಿಯನ್ನು ಅವನು ನನ್ನೊಬ್ಬಳಿಗೆ ಹೇಳುವುದನ್ನು ಮರೆತಿದ್ದ. ಬೆಳಿಗ್ಗೆದ್ದು ಬೆಣ್ಣೆ ತರಲು ಬೈಲಹೊಂಗಲದ ಬಸ್ಸು ಹತ್ತಿ ಹೋದ. ನಾನು ಮಿಂದು, ಜಗಲಿ ಸಾರಿಸಿ, ಹಿತ್ತಾಳೆ ತಂಬಿಗೆ ತಿಕ್ಕಿ ನೀರು ತುಂಬಿ, ವೀಳ್ಯದೆಲೆ ಇಟ್ಟು, ಮೇಲೆ ಇಡಲು ತೆಂಗಿನಕಾಯಿ ಹುಡುಕಿದರೆ ಇಲ್ಲ. ನನ್ನ ಸೊಸೆ, ಮಲ್ಲುವಿನ ಅವ್ವ ಶಾಂತಾ ಅದನ್ನು ಆಗಲೇ ಒಡೆದು ಚಟ್ನಿಗೆ ರುಬ್ಬಲು ಕೂತಿದ್ದಳು. ಮನೆಗೆ ಬೀಗರಾಗುವವರು ಬರುವ ದಿನ ಜಗಲಿಯ ಮೇಲೆ ಕಳಸವಿಲ್ಲದಿದ್ದರೆ ಹೇಗೆ? ಅಷ್ಟರಲ್ಲಿ ಪಡಸಾಲೆಯ ಗೋಡೆಯ ಮಾಡದಲ್ಲಿ ನನ್ನ ಕಣ್ಣಿಗೆ ಬಿದ್ದವು, ಐದು ಹಸಿರು ಮೊಗ್ಗುಗಳು!

ಏನು ಹೇಳಲಿ ಅವುಗಳ ಚೆಲುವನ್ನು! ಕಮಲದ ಮೊಗ್ಗಿನ ಗಾತ್ರ, ಎಸಳ ಮೇಲೆ ಎಸಳು, ಒಂದರ ಸೆರಗು ಇನ್ನೊಂದರ ಮೇಲೆ. ನಮ್ಮ ಎರೆ ಹೊಲದ ಬದುವಿನಲ್ಲಿ ನಿಲ್ಲುವ ಕುಸುಬಿಯ ಮುಳ್ಳುಗೊಂಡೆಯನ್ನು ನೀವು ನೋಡಿರುತ್ತೀರಿ. ಆ ಕುಸುಬಿಗೆ ಗೋವಾದಲ್ಲಿ ಒಬ್ಬ ಉಂಡುತಿಂದ ಸೋದರಮಾವ ಇದ್ದರೆ ಹೀಗೇ ಇರುತ್ತಿದ್ದ. ಮೊಮ್ಮಗ ಬೀಗರು ಬರುತ್ತಾರೆಂದು ದೇವರಿಗೆ ಅಷ್ಟು ದೂರದಿಂದ ಹೂ ತಂದಿದ್ದಾನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ದೊಡ್ಡದೊಂದನ್ನು ತಂಬಿಗೆಯ ಬಾಯಿಗೆ ಕೂರಿಸಿದೆ. ತಂಬಿಗೆಯೂ ಅದೂ ಹೇಳಿ ಮಾಡಿಸಿದ ಜೋಡಿ. ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಉಳಿದ ನಾಲ್ಕನ್ನು ಸುತ್ತ ಕೂರಿಸಿ ಊದಿನಕಡ್ಡಿ ಹಚ್ಚಿದೆ. ಕೈ ಮುಗಿದು, ‘ನಮ್ಮ ಹುಡುಗನ ಕೆಲಸಾ ಆಗ್ಲೆಪ’ ಎಂದು ಆ ಪಲ್ಯಕ್ಕೇ ಬೇಡಿಕೊಂಡೆ.

ಹೇಳಿದ ಹೊತ್ತಿಗೆ ಬರುವವರು ಬೀಗರೇ ಅಲ್ಲ ಅಂತೀನಿ. ಮಲ್ಲು ಬರುವ ಮೊದಲೇ ಫಕೀರಪ್ಪನ ಗಾಡಿ ಬಾಗಿಲಿಗೆ ಬಂದು ನಿಂತಿತು. ಮುಂದೆ ಆತ, ಹಿಂದೆ ಸುಜಾತಾಳ ತಾಯಿಯ ತಾಯಿ, ಸಿರಸಂಗಿಯ ಗಂಗವ್ವ. ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿದ್ದ ಮುದುಕಿ. ಒಳಗೆ ಬಂದವಳೇ ಜಗಲಿ ನೋಡಿ, ‘ಯವ್ವಾ, ಎಂಥಾ ಚಂದದ ಕಳಸಾ!’ ಎಂದು ನೆಲಕ್ಕೆ ಹಣೆ ಹಚ್ಚಿದಳು. ಅತ್ತೆ ನಮಸ್ಕಾರ ಮಾಡಿದ ಮೇಲೆ ಅಳಿಯ ಸುಮ್ಮನಿರುವುದುಂಟೇ? ಫಕೀರಪ್ಪನೂ ಟೊಪ್ಪಿಗೆ ತೆಗೆದು ಕೈ ಮುಗಿದ. ಆ ಗಳಿಗೆಗೆ ಸರಿಯಾಗಿ ಮಲ್ಲು ಬೆಣ್ಣೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ತಾನು ಹೆಚ್ಚಬೇಕಾದದ್ದು ವಿಭೂತಿ ಹಚ್ಚಿಕೊಂಡು ಕೂತದ್ದನ್ನೂ, ಮಾವನಾಗಬೇಕಾದವನು ಅದಕ್ಕೆ ಕೈ ಮುಗಿದು ನಿಂತದ್ದನ್ನೂ ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ನನ್ನ ಸೆರಗು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ. ‘ಆಯಿ, ಏನ್ ಮಾಡಿಬಿಟ್ಟಿ? ಅದು ಪಲ್ಯಾದ್ದು!’

‘ಪಲ್ಯಾದ್ದಿದ್ರ ಮೊದಲ ಬಾಯಿಬಿಟ್ಟು ಹೇಳಬೇಕಿಲ್ಲೋ ಹುಚ್ಚಪ್ಪ? ಈಗ ಅದು ದೇವರಾಗಿ ಕುಂತೈತಿ!’

‘ಸಣ್ಣಕ ತಗದ ಕೊಡು. ಯಾರಿಗೂ ಗೊತ್ತಾಗೂದಿಲ್ಲ.’

‘ಬೀಗರು ಹಣಿ ಹಚ್ಚಿದ ಕಳಸಾ ಕಳವು ಮಾಡ್ಲೇನು? ನಿನ್ನ ಮದಿವಿ ಹಂಗ ಆಗಬೇಕೇನು?’

ಅವನ ಮುಖ ಒಲೆಯಲ್ಲಿ ಮರೆತ ಬದನೆಕಾಯಿಯ ಹಾಗೆ ಕುಸಿಯಿತು. ಸುಟ್ಟ ಬದನೆಕಾಯಿಯಲ್ಲಾದರೂ ಎಣ್ಣಿಗಾಯಿಗೆ ಬದಲು ಬಜ್ಜಿ ಮಾಡಬಹುದು, ಸುಟ್ಟ ಮೊಮ್ಮಗನಿಂದ ಏನು ಮಾಡುವುದು?

ಪಡಸಾಲೆಯಲ್ಲಿ ಚಹಾ ಆಯಿತು. ಅವಲಕ್ಕಿಯ ತಾಟನ್ನು ಫಕೀರಪ್ಪ ಒಂದು ಬೆರಳಿನಿಂದ ಅತ್ತ ಸರಿಸಿದ. ‘ಮಾತು ಮುಗಿಯೂ ತನಕಾ ತುತ್ತು ಬ್ಯಾಡ್ರಿ ಯವ್ವಾ’ ಎಂದು ನನಗೆ ಹೇಳಿ, ಗಂಟಲು ಸರಿಮಾಡಿಕೊಂಡ. ‘ಹುಡುಗ ಛಲೋ ಅದಾನ್ರಿ, ಇಲ್ಲಂತ ಅನ್ನಂಗಿಲ್ಲ. ಆದ್ರ ಊರಾಗ ನಾಕು ಮಂದಿ ಕೇಳ್ತಾರ, ಅಳಿಯಾ ಏನ್ ಮಾಡ್ತಾನಂತ. ಆಲೂಗಡ್ಡಿ ಹೆಚ್ಚತಾನಂತ ಹೇಳ್ಲೇನ್ರಿ?’

‘ಬರೇ ಹೆಚ್ಚೂದಿಲ್ರೀ ಮಾವಾರ, ಕುದಸ್ತೇನಿ’ ಎಂದುಬಿಟ್ಟ ನಮ್ಮ ಜಾಣ.

‘ಮಾವಾ ಇನ್ನೂ ಆಗಿಲ್ಲಪ, ಸದ್ಯಾಕ ಕಾಕಾ ಅನ್ನು.’

ಅಷ್ಟಂದು ಆತ ಟೊಪ್ಪಿಗೆ ತಲೆಗೇರಿಸಿದ. ಟೊಪ್ಪಿಗೆ ಏರಿತೆಂದರೆ ಹೊರಟರು ಎಂದೇ ಅರ್ಥ. ಶಾಂತಾ ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಮುರಿಯಿತು, ನನ್ನ ಹುಡುಗನ ನಸೀಬು ಚಹಾದ ಕಪ್ಪಿನಲ್ಲೇ ಮುಳುಗಿತು ಅಂದುಕೊಂಡೆ. ಅಡುಗೆಮನೆಯ ನಮ್ಮ ಗುಸುಗುಸು ಕಿವಿಗೆ ಬಿದ್ದಿತ್ತೋ ಏನೋ, ಗಂಗವ್ವ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

‘ಎಲ್ಲಿಗೆ ಎದ್ದೀಪ ಫಕೀರಾ? ಕಳಸಕ್ಕ ಕೈ ಮುಗದು ಪ್ರಸಾದ ತಗೊಳ್ಳದ ಎದ್ದು ಹೋಗೂದು ಯಾವೂರ ರೀತಿ? ಅವ್ವಾ ಬೀಗತಿ, ಕಳಸಾ ಕದಲಸು. ತೆಂಗಿನಕಾಯಿ ಇಟ್ಟಿದ್ರ ಒಡದು ಕೊಡತಿದ್ದಿಲ್ಲೇನು? ಈ ಕಾಯಿನ ಒಡದು ಕೊಡು. ತಿನ್ನಾಕ ಬರತೈತಿಲ್ಲೋ ಇದು?’

‘ಬರತೈತ್ರೀ ಅಮ್ಮಾ!’ ಎಂದ ಮಲ್ಲುವಿನ ದನಿ ತೊಲೆಗೆ ತಾಗಿ ವಾಪಸು ಬಂತು.

ನೋಡ್ರಿ, ನಮ್ಮ ಹಿರಿಯರು ಎಂಥ ಬೆರಿಕಿಗಳು! ಊಟ ಬೇಡ ಎನ್ನಬಹುದು, ಅವಲಕ್ಕಿ ಬೇಡ ಎನ್ನಬಹುದು. ಪ್ರಸಾದ ಬೇಡ ಅನ್ನುವ ಗಂಡಸು ಈ ನಾಲ್ಕು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಾನು ತಂಬಿಗೆಯನ್ನು ಉತ್ತರಕ್ಕೆ ಸರಿಸಿ ಕಳಸ ಕದಲಿಸಿದೆ, ಫಕೀರಪ್ಪ ಟೊಪ್ಪಿಗೆ ತೆಗೆದು ಮತ್ತೆ ಕೂತ.

ಅಡುಗೆಮನೆಯಲ್ಲಿ ಹೊಸ ಜಗಳ. ಮಲ್ಲು ಬಳ್ಳೊಳ್ಳಿ ಜಜ್ಜಲು ಕಲ್ಲು ಎತ್ತಿದ್ದೇ ತಡ ಶಾಂತಾ ಕೈ ಹಿಡಿದಳು. ‘ಪ್ರಸಾದಕ್ಕ ಬಳ್ಳೊಳ್ಳಿ ಹಾಕ್ತಾರೇನೋ ಭಾಡ್ಯಾ?’ ಪಾಪ, ಬಳ್ಳೊಳ್ಳಿಯ ಹಣೆಬರಹವೇ ಅಷ್ಟು. ಒಂದೇ ಮನೆಯಲ್ಲಿ ಹತ್ತಾರು ಅಣ್ಣತಮ್ಮಂದಿರು ಮೈಗೆ ಮೈ ತಾಗಿಸಿ, ಬೇರೆ ಬೇರೆ ಬಿಳಿ ಧೋತರ ಉಟ್ಟು ಬಾಳುವ ಇಂಥ ಕೂಡು ಕುಟುಂಬ ಇನ್ನೆಲ್ಲಿದೆ? ಆದರೂ ದೇವರ ಮುಂದೆ ಅದಕ್ಕೆ ಮಣೆಯಿಲ್ಲ. ಆಲೂಗಡ್ಡೆಗೆ ಅಂಥ ಕಷ್ಟವಿಲ್ಲ. ಅದು ಯಾರ ಮನೆಗೆ ಕೊಟ್ಟರೂ ಹೊಂದಿಕೊಂಡು ಹೋಗುವ ಮಗಳು. ಕೊನೆಗೆ ಎರಡು ಪಾತ್ರೆ ಎಂದು ರಾಜಿಯಾಯಿತು. ಒಂದರಲ್ಲಿ ಮೊಗ್ಗುಗಳು, ಉಪ್ಪು, ನಿಂಬೆರಸ, ಮೇಲೆ ಬೆಣ್ಣೆ. ಇನ್ನೊಂದರಲ್ಲಿ ಆಲೂಗಡ್ಡೆ, ಮೆಣಸು, ನಾನು ಸುಲಿದು ಸುಲಿದು ಕೊಟ್ಟ ಗಡ್ಡೆಗಟ್ಟಲೆ ಬಳ್ಳೊಳ್ಳಿ. ‘ಇದು ಪ್ರಸಾದ ಅಲ್ಲ, ಮನಿಗೆ’ ಎಂದು ಮಲ್ಲು ಶಾಂತಾಳಿಗೆ ಹೇಳಿದನೇನೋ ಹೌದು, ಆದರೆ ಬಾಣಲೆಯನ್ನು ಪಡಸಾಲೆಯ ಕಡೆಯ ಕಿಟಕಿಗೆ ಯಾಕೆ ಹತ್ತಿರ ಇಟ್ಟನೆಂದು ನನಗೆ ಗೊತ್ತಾಯಿತು. ಹೋಟೆಲಿನಲ್ಲಿ ಕಲಿತದ್ದೋ, ನನ್ನ ರಕ್ತವೋ ಗೊತ್ತಿಲ್ಲ.

ಮೊಗ್ಗು ಬೆಂದು ಬಂತು. ಗಂಗವ್ವನಿಗೆ ಹಲ್ಲಿಲ್ಲವೆಂದು ಮಲ್ಲು ಎಸಳು ಕಿತ್ತು, ಒಳಗಿನ ನವಿರು ಕೂದಲು ಕೆರೆದು, ಬುಡದ ಮೆತ್ತನೆ ತಿರುಳನ್ನು ಅವಳ ಅಂಗೈಗಿಟ್ಟ. ಫಕೀರಪ್ಪನ ಕೈಗೆ ನಾನು ಭಕ್ತಿಯಿಂದ ಒಂದು ದೊಡ್ಡ ಎಸಳು ಹಾಕಿದೆ. ಎಸಳಿನ ಬುಡವನ್ನು ನುಗ್ಗೆಕಾಯಿಯ ಹಾಗೆ ಹಲ್ಲಿನಲ್ಲಿ ಜಗ್ಗಿ ಉಳಿದದ್ದನ್ನು ಬಿಡಬೇಕೆಂದು ಮಲ್ಲು ಹೇಳುವ ಮೊದಲೇ ಆತ ಇಡೀ ಎಸಳನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದ.

ಅಗಿದ. ಅಗಿದ. ಅದು ನುಂಗಲು ಬರುವುದಿಲ್ಲ, ಅದರ ನಾರು ಹರಿಯುವುದಿಲ್ಲ. ಪ್ರಸಾದವಾದ್ದರಿಂದ ಉಗುಳುವ ಹಾಗೂ ಇಲ್ಲ. ಕಬ್ಬಿನ ಗಾಣದ ಹಾಗೆ ಆತನ ದವಡೆ ತಿರುಗಿತು, ಹಣೆಯಲ್ಲಿ ಬೆವರು ಮೂಡಿತು. ಹೊಸ ಆಕ್ಷೇಪಣೆ ಎತ್ತಲು ಬಾಯಿಯೇ ಖಾಲಿಯಿಲ್ಲ. ಆ ಹೊತ್ತಿನಲ್ಲೇ, ಕಿಟಕಿಯಿಂದ, ಬೆಣ್ಣೆಯಲ್ಲಿ ಕೆಂಪಾಗುತ್ತಿದ್ದ ಬಳ್ಳೊಳ್ಳಿಯ ಪರಿಮಳ ಮೆಲ್ಲಗೆ ಒಳಬಂದು ಆತನ ಮೂಗಿನ ಮುಂದೆ ಪದ್ಮಾಸನ ಹಾಕಿ ಕೂತಿತು. ದವಡೆ ನಿಂತಿತು. ಮೂಗು ಕಿಟಕಿಯ ಕಡೆ ತಿರುಗಿತು, ಆಮೇಲೆ ಕುತ್ತಿಗೆ, ಆಮೇಲೆ ಇಡೀ ಫಕೀರಪ್ಪ.

ಮಲ್ಲು ಇನ್ನೊಂದು ಮೊಗ್ಗಿನ ತಿರುಳು ತಂದು ಕೈಗಿಟ್ಟು, ‘ಅದನ್ನ ಬಿಡ್ರಿ ಕಾಕಾ, ಇದನ್ನ ತಿನ್ರಿ, ತಿನ್ನೂದು ಇದ’ ಎಂದ. ಆತ ಎಸಳಿನ ನಾರನ್ನು ಗೌರವದಿಂದ ಕೈಗೆ ತೆಗೆದುಕೊಂಡು, ತಿರುಳು ತಿಂದ. ಕಣ್ಣು ಮುಚ್ಚಿದ.

‘ಇಷ್ಟೆಲ್ಲಾ ಮುಳ್ಳು, ಸಿಪ್ಪಿ, ಕೂದಲಾ... ಒಳಗ ಬರೇ ಇಷ್ಟ ಇಷ್ಟು ಬೆಣ್ಣಿ?’ ಎಂದು ಕೇಳಿದ.

‘ನಿನ್ನಂಗ ಐತಿ ನೋಡಪ’ ಎಂದಳು ಗಂಗವ್ವ, ಬೊಚ್ಚುಬಾಯಿ ಒರೆಸಿಕೊಳ್ಳುತ್ತಾ. ‘ನನ್ನ ಮಗಳು ನಿನ್ನ ಸಿಪ್ಪಿ ಬಿಡಸೂದರಾಗ ಮುದಿಕ್ಯಾದಳು.’

ಆಮೇಲೆ ಫಕೀರಪ್ಪ ಟೊಪ್ಪಿಗೆಯನ್ನು ಇನ್ನಷ್ಟು ದೂರ ಸರಿಸಿಟ್ಟು, ಯಾರನ್ನೂ ನೋಡದೆ, ತೊಲೆಗೆ ಹೇಳುವವನ ಹಾಗೆ ಕೇಳಿದ:

‘ಅಲ್ಲಾ, ಒಳಗ ಅದೇನೋ ಬಳ್ಳೊಳ್ಳಿದು ಕುದ್ಯಾಕತ್ತೈತಲ್ಲ... ಅದಕ್ಕ ಖಡಕ್ ರೊಟ್ಟಿ ಛಲೋನೋ, ಬಿಸಿ ರೊಟ್ಟಿ ಛಲೋನೋ?’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಳಗೆ ಶಾಂತಾಳ ಕೈಯಿಂದ ಲಟಪಟ ಏನೋ ಬಿತ್ತು. ರೊಟ್ಟಿ ಕೇಳಿದ! ಸಾಲಹಳ್ಳಿಯ ಫಕೀರಪ್ಪ ನಮ್ಮ ಮನೆಯಲ್ಲಿ ಬಾಯಿಬಿಟ್ಟು ರೊಟ್ಟಿ ಕೇಳಿದ! ಮಲ್ಲು ಆಲೂಗಡ್ಡೆಯ ಪಲ್ಯಕ್ಕೆ ಉಳಿದ ತಿರುಳನ್ನೂ ಬೆರೆಸಿ, ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಓಡಿ ಬಂದು, ‘ತಗೋರಿ ಕಾಕಾ’ ಎಂದು ತಾಟು ಮುಂದಿಟ್ಟ.

ಫಕೀರಪ್ಪ ರೊಟ್ಟಿಗೆ ಕೈ ಹಚ್ಚದೆ ಅವನ ಮುಖವನ್ನೇ ನೋಡಿದ. ‘ಕಾಕಾನ ಕೈಲೆ ರೊಟ್ಟಿ ಮುರಸ್ತೀಯೇನೋ? ಮಾವಾ ಅನ್ನು, ಮುರೀತೇನಿ.’

ಅವನು ಬಾಯಿ ತೆರೆಯುವಷ್ಟೂ ನನಗೆ ತಾಳ್ಮೆ ಇರಲಿಲ್ಲ. ಅವನ ಪರವಾಗಿ ನಾನೇ ‘ಮಾವಾ ಅಂತಾನ್ರಿ, ಮುರೀರಿ!’ ಎಂದು ಕೂಗಿದೆ. ಚರ್ರನೆ ರೊಟ್ಟಿ ಮುರಿದ ಆ ಸದ್ದಿದೆಯಲ್ಲ, ವಾಲಗದವರೂ ಅಷ್ಟು ಚಂದ ನುಡಿಸಲಾರರು. ನಡುವಿನ ರೊಟ್ಟಿ ಇಳಿಯಬೇಕಾದರೆ ಬದಿಯ ಪಲ್ಯ ಬೇಕೇ ಬೇಕು ಎಂದು ಆಗ ತಿಳಿಯಿತು. ಬದಿಯ ಮುದುಕಿಯರೂ ಬೇಕು, ಒಬ್ಬಳು ತಿಳಿಯದೆ ಪಲ್ಯವನ್ನು ಕಳಸಕ್ಕೇರಿಸಲು, ಇನ್ನೊಬ್ಬಳು ತಿಳಿದೇ ಇಳಿಸಲು.

ಸಕ್ಕರೆ ಡಬ್ಬಿ ತಂದು ಮೊದಲು ಗಂಗವ್ವನ ಬಾಯಿಗೆ ಹಿಡಿ ಸಕ್ಕರೆ ಹಾಕಿದೆ. ಅವಳು ಚಪ್ಪರಿಸಿ, ಹುಬ್ಬು ಗಂಟು ಹಾಕಿ, ‘ಏ ಬೀಗತಿ, ನಿಮ್ಮನಿ ಸಕ್ಕರಿನೂ ಬಳ್ಳೊಳ್ಳಿ ನಾರತೈತಲ್ಲಬೇ!’ ಎಂದಳು. ಇಡೀ ಪಡಸಾಲೆ ನಕ್ಕಿತು, ಬಾಯಿತುಂಬ ಪಲ್ಯ ಇಟ್ಟುಕೊಂಡ ಫಕೀರಪ್ಪನೂ.

ಅವರು ಹೋದ ಮೇಲೆ ಶಾಂತಾ ನನ್ನ ಕೈಗೆ ಸಾಬೂನು ಕೊಟ್ಟಳು. ನಾನು ಅದನ್ನು ಬಚ್ಚಲ ಗೂಡಿನಲ್ಲಿಟ್ಟು ಬಂದು ಇಲ್ಲಿ ಕೂತಿದ್ದೇನೆ, ನಡುನಡುವೆ ಬೆರಳು ಮೂಸುತ್ತಾ. ನಿಮ್ಮಾಣೆಗೂ ಹೇಳುತ್ತೇನೆ, ಇವತ್ತು ಇದು ಬರೀ ಬಳ್ಳೊಳ್ಳಿಯ ವಾಸನೆಯಲ್ಲ, ಅದರ ಅಡಿಯಲ್ಲಿ ಒಂದಿಷ್ಟು ಸಕ್ಕರೆಯದೂ ಐತಿ.